ಮೊದಲ ಸಲ ಒಬ್ಬರೇ ತೀರ್ಥಯಾತ್ರೆಗೆ ಹೊರಡುವವರು ಯಾವ ಕ್ಷೇತ್ರ ಆರಿಸಿಕೊಳ್ಳಬೇಕು?

ತುರ್ವಿಹಾಳ, ಸಿಂಧನೂರು, ಮಸ್ಕಿ ಭಾಗದ ವ್ಯಾಪಾರಸ್ಥರ ಮನೆಗಳಲ್ಲಿ ಒಂದು ಮಾತು ಮೇಲಿಂದ ಮೇಲೆ ಕೇಳಿಬರುತ್ತದೆ: "ಜೊತೆಗೆ ಯಾರಾದರೂ ಸಿಕ್ಕರೆ ಹೋಗಿ ಬರಬೇಕು." ಕಾಲುವೆಗೆ ನೀರು ಬಂದ ವರ್ಷ ಇಲ್ಲಿ ಭತ್ತದ ಸುಗ್ಗಿ ಎರಡು. ಸುಗ್ಗಿ ಮುಗಿದರೆ ಗೊಬ್ಬರ, ಬೀಜದ ಹಂಗಾಮು. ಅದೂ ಮುಗಿದರೆ ಮಕ್ಕಳ ಪರೀಕ್ಷೆ. ಮಗನಿಗೆ ಅಂಗಡಿ ಬಿಡಲಾಗದು, ಸೊಸೆಗೆ ಮನೆ ಬಿಡಲಾಗದು. ಜೊತೆಯವರಿಗಾಗಿ ಕಾಯುತ್ತ ಹತ್ತು ವರ್ಷ ಕಳೆಯುತ್ತದೆ. ಅಷ್ಟರಲ್ಲಿ ಮೊಣಕಾಲು ಹೋಗಿರುತ್ತದೆ. ಬಾಹುಬಲಿ ಸ್ವಾಮಿಯ ದರ್ಶನ ಮಾಡಬೇಕೆಂದು ಹರಕೆ ಹೊತ್ತ ತಾಯಿ ಕೊನೆಗೆ ಕ್ಯಾಲೆಂಡರಿನ ಚಿತ್ರಕ್ಕೆ ಕೈಮುಗಿದು ಸಮಾಧಾನ ಪಟ್ಟುಕೊಳ್ಳುತ್ತಾರೆ.

ಈಗ ಕಾಲ ಸ್ವಲ್ಪ ಬದಲಾಗಿದೆ. ಗಂಡ ತೀರಿಕೊಂಡ ತಾಯಂದಿರು, ಅಂಗಡಿಯನ್ನು ಮಗನ ಕೈಗೆ ಒಪ್ಪಿಸಿದ ಹಿರಿಯರು, ಕಾಲೇಜು ಮುಗಿಸಿದ ಹೆಣ್ಣುಮಕ್ಕಳು "ಒಬ್ಬರೇ ಹೋಗಿ ಬರುತ್ತೇವೆ" ಎನ್ನುತ್ತಿದ್ದಾರೆ. ಮನೆಯವರಿಗೆ ಭಯವಾಗುವುದು ಸಹಜ. ಆದರೆ ಹೋಗಬೇಕೋ ಬೇಡವೋ ಎಂಬ ವಾದಕ್ಕಿಂತ ಮೊದಲ ಸಲ ಎಲ್ಲಿಗೆ ಹೋಗಬೇಕು ಎಂಬ ವಿಚಾರ ಮುಖ್ಯ. ಮೊದಲ ಯಾತ್ರೆ ಸುಸೂತ್ರವಾದರೆ ಮುಂದಿನ ದಾರಿ ತಾನೇ ತೆರೆಯುತ್ತದೆ. ಮೊದಲ ಸಲವೇ ನಡುರಾತ್ರಿ ಗೊತ್ತಿಲ್ಲದ ನಿಲ್ದಾಣದಲ್ಲಿ ಕಂಗಾಲಾದರೆ ಅವರೂ ಮತ್ತೆ ಹೊರಡುವುದಿಲ್ಲ, ಮನೆಯವರೂ ಕಳಿಸುವುದಿಲ್ಲ. ಹೊಸ ಗಿರಾಕಿಗೆ ಮೊದಲ ದಿನವೇ ದೊಡ್ಡ ಉದ್ರಿ ಯಾರೂ ಕೊಡುವುದಿಲ್ಲ, ಸಣ್ಣದರಿಂದ ಶುರು ಮಾಡುತ್ತಾರೆ. ಯಾತ್ರೆಗೂ ಅದೇ ಲೆಕ್ಕ.

ಕ್ಷೇತ್ರ ಆರಿಸುವ ಮುಂಚೆ ಕೇಳಿಕೊಳ್ಳಬೇಕಾದ ಆರು ಪ್ರಶ್ನೆಗಳು

1. ಹಗಲು ಹೊತ್ತಿನಲ್ಲಿ ತಲುಪಬಹುದೇ? ಬಹಳ ಜನ ಬಸ್ಸು, ರೈಲು ಎಷ್ಟು ಹೊತ್ತಿಗೆ ಹೊರಡುತ್ತದೆ ಎಂದಷ್ಟೇ ನೋಡುತ್ತಾರೆ. ಒಬ್ಬರೇ ಹೋಗುವವರು ಇಳಿಯುವ ಹೊತ್ತನ್ನು ಮೊದಲು ನೋಡಬೇಕು.

2. ವಾಹನ ಎಷ್ಟು ಸಲ ಬದಲಿಸಬೇಕು? ಒಂದು ಬದಲಾವಣೆ ಸುಲಭ, ಎರಡು ಪರವಾಗಿಲ್ಲ. ಮೂರಾದರೆ ಅದು ಮೊದಲ ಯಾತ್ರೆಗೆ ತಕ್ಕ ಊರಲ್ಲ.

3. ಉಳಿಯುವ ಜಾಗ ಕ್ಷೇತ್ರದ ಒಳಗೇ ಇದೆಯೇ? ಬಸದಿಯಿಂದ ನಡೆದು ಹೋಗುವ ದೂರದಲ್ಲಿ ಧರ್ಮಶಾಲೆ ಇದ್ದರೆ ಸಂಜೆ ಆಟೋ ಹುಡುಕುವ ಕಷ್ಟ ಇರುವುದಿಲ್ಲ.

4. ಸೂರ್ಯಾಸ್ತದ ಮುಂಚೆ ಶುದ್ಧ ಊಟ ಸಿಗುತ್ತದೆಯೇ? ಭೋಜನಶಾಲೆ ಇರುವ ಕ್ಷೇತ್ರದಲ್ಲಿ ಈ ಚಿಂತೆ ಇಲ್ಲ. ಹೋಟೆಲ್ಲೇ ಗತಿ ಎಂದರೆ ಈರುಳ್ಳಿ, ಬೆಳ್ಳುಳ್ಳಿ, ಗಡ್ಡೆ ಬಿಡಿಸಿ ಹೇಳುವುದರಲ್ಲೇ ಸಾಕಾಗುತ್ತದೆ.

5. ಭಾಷೆ ಬರುತ್ತದೆಯೇ? ತೊಂದರೆಯಾದಾಗ ನಾಲ್ಕು ಜನರಿಗೆ ಬಾಯಿಬಿಟ್ಟು ಹೇಳುವಂತಿರಬೇಕು. ಮೊದಲ ಯಾತ್ರೆ ಕನ್ನಡ ನಾಡಿನೊಳಗೇ ಆಗಲಿ.

6. ಬೆಟ್ಟ ಎಷ್ಟು? ಹತ್ತಲಾಗದಿದ್ದರೆ ಕೆಳಗೇ ದರ್ಶನ ಮಾಡುವ ಬಸದಿಗಳಿವೆಯೇ?

ಈ ಆರರಲ್ಲಿ ಐದಕ್ಕಾದರೂ ಒಳ್ಳೆಯ ಉತ್ತರ ಸಿಕ್ಕರೆ ಆ ಕ್ಷೇತ್ರ ಮೊದಲ ಸಲಕ್ಕೆ ತಕ್ಕದ್ದು.

ಮೊದಲ ಮೆಟ್ಟಿಲು: ಬೆಳಿಗ್ಗೆ ಹೋಗಿ ಸಂಜೆಗೆ ಬರುವ ಊರು

ಎಂದೂ ಒಬ್ಬರೇ ಊರು ದಾಟದವರು ಮೊದಲು ಮಸ್ಕಿಗೆ ಹೋಗಿ ಬರಲಿ. ಅರ್ಧ ದಿನದ ಕೆಲಸ. 1915ರಲ್ಲಿ ಚಿನ್ನದ ಗಣಿ ಎಂಜಿನಿಯರ್ ಸಿ. ಬೀಡನ್ ಅವರ ಕಣ್ಣಿಗೆ ಬಿದ್ದ ಅಶೋಕನ ಶಾಸನ ಅಲ್ಲಿದೆ. 'ದೇವಾನಾಂಪ್ರಿಯ' ಎಂಬ ಬಿರುದಿನ ಜೊತೆ ಅಶೋಕನ ಹೆಸರೂ ಇರುವುದರಿಂದ ಅದು ಜಗತ್ಪ್ರಸಿದ್ಧ. ಮನೆ ಪಕ್ಕದಲ್ಲೇ ಇದ್ದರೂ ನೋಡದವರೇ ಹೆಚ್ಚು.

ಆಮೇಲೆ ಕೊಪ್ಪಳ. ಹಿಂದೆ ಕೊಪಣ ಎಂದು ಹೆಸರಾಗಿದ್ದ ಈ ಊರು ಜೈನರ ಮಹಾತೀರ್ಥವಾಗಿತ್ತು. 'ವರಾಂಗಚರಿತೆ' ಬರೆದ ಜಟಾಸಿಂಹನಂದಿ ಆಚಾರ್ಯರ ಪಾದಗಳ ಗುರುತು, ಅದರ ಶಾಸನ ಇಲ್ಲಿನ ಪಲ್ಲಕ್ಕಿಗುಂಡಿನ ಬೆಟ್ಟದಲ್ಲಿವೆ. ಆ ಬೆಟ್ಟವನ್ನು ಒಬ್ಬರೇ ಹತ್ತುವುದು ಬೇಡ, ಸ್ಥಳೀಯರು ಜೊತೆಗಿದ್ದರಷ್ಟೇ ಹೋಗಬೇಕು. ಊರೊಳಗಿನ ದರ್ಶನ ಮುಗಿಸಿಕೊಂಡು, ಗವಿಮಠದ ಬಳಿಯ ಅಶೋಕನ ಶಾಸನ ನೋಡಿಕೊಂಡು ಸಂಜೆಯೊಳಗೆ ಹಿಂದಿರುಗಬಹುದು. ಸಿಂಧನೂರಿನಿಂದ ಗಂಗಾವತಿ ಮಾರ್ಗವಾಗಿ ಬಸ್ಸುಗಳಿವೆ. 2024ರಲ್ಲಿ ಸಿಂಧನೂರಿಗೆ ರೈಲು ಬಂದಿದ್ದರಿಂದ ಕೊಪ್ಪಳ, ಗದಗ, ಹುಬ್ಬಳ್ಳಿಗೆ ವಾಹನ ಬದಲಿಸದೆ ಹೋಗುವ ಅನುಕೂಲವೂ ಆಗಿದೆ. ರೈಲಿನ ವೇಳೆ ಬದಲಾಗುತ್ತಿರುತ್ತದೆ, ಹಿಂದಿನ ದಿನ 139ಕ್ಕೆ ಕರೆ ಮಾಡಿ ಕೇಳಿಕೊಳ್ಳುವುದು ಒಳ್ಳೆಯದು.

ಎರಡನೆಯ ಮೆಟ್ಟಿಲು: ಲಕ್ಕುಂಡಿ

ಗದಗಿನಿಂದ ಸುಮಾರು 12 ಕಿ.ಮೀ. ದೂರದ ಲಕ್ಕುಂಡಿಯಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ 1007ರ ಸುಮಾರಿಗೆ ಕಟ್ಟಿಸಿದ ಬ್ರಹ್ಮ ಜಿನಾಲಯ ಇದೆ. ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡ ಈ ತಾಯಿ ಪೊನ್ನನ 'ಶಾಂತಿಪುರಾಣ'ದ ಸಾವಿರ ಪ್ರತಿ ಮಾಡಿಸಿ ಹಂಚಿದರು, ಜಿನಾಲಯಗಳನ್ನು ಕಟ್ಟಿಸಿದರು. ಒಬ್ಬರೇ ಹೊರಡಲು ಅಳುಕುವ ನಮ್ಮ ತಾಯಂದಿರು ಮೊದಲು ನೋಡಬೇಕಾದ ಜಾಗ ಇದು. ಊರು ಹೆದ್ದಾರಿಯ ಮೇಲೇ ಇದೆ, ಬೆಟ್ಟ ಹತ್ತುವ ಕೆಲಸವಿಲ್ಲ. ಲಕ್ಕುಂಡಿಯಲ್ಲಿ ಉಳಿಯುವ ಯೋಚನೆ ಬೇಡ. ಗದಗ ಅಥವಾ ಹುಬ್ಬಳ್ಳಿಯಲ್ಲಿ ಬಂಧುಗಳಿದ್ದರೆ ಅವರ ಮನೆಯಲ್ಲಿ ಒಂದು ರಾತ್ರಿ ಉಳಿದು ಬರಬಹುದು.

ಮೂರನೆಯ ಮೆಟ್ಟಿಲು: ಶ್ರವಣಬೆಳಗೊಳ

ಒಬ್ಬರೇ ರಾತ್ರಿ ಉಳಿಯುವ ಮೊದಲ ಯಾತ್ರೆಗೆ ಶ್ರವಣಬೆಳಗೊಳಕ್ಕಿಂತ ಅನುಕೂಲದ ಕ್ಷೇತ್ರ ಸಿಗುವುದು ಕಷ್ಟ. ಊರು ಸಣ್ಣದು, ಎಲ್ಲವೂ ನಡೆದು ಹೋಗುವ ದೂರದಲ್ಲಿದೆ. ಯಾತ್ರಿ ನಿವಾಸ, ಭೋಜನಶಾಲೆ ಎರಡೂ ಇವೆ. ವರ್ಷವಿಡೀ ಯಾತ್ರಿಕರು ಇರುತ್ತಾರೆ. ಚಾವುಂಡರಾಯ ಮಾಡಿಸಿದ 58 ಅಡಿಯ ಬಾಹುಬಲಿ ಮೂರ್ತಿ ಇರುವ ವಿಂಧ್ಯಗಿರಿಗೆ ಸುಮಾರು 650 ಮೆಟ್ಟಿಲು. ಬರಿಗಾಲಲ್ಲಿ ಹತ್ತಬೇಕು. ಬಿಸಿಲೇರಿದರೆ ಬಂಡೆ ಕಾದು ಕಾಲು ಸುಡುತ್ತದೆ, ಆದ್ದರಿಂದ ಬೆಳಿಗ್ಗೆ ಬೇಗ ಹತ್ತುವುದೇ ಸರಿ. ಆಗದವರಿಗೆ ಡೋಲಿ ಇದೆ, ದರವನ್ನು ಮೊದಲೇ ಕೇಳಿ ನಿಶ್ಚಯ ಮಾಡಿಕೊಳ್ಳಬೇಕು. ಹತ್ತಲೇ ಆಗದಿದ್ದರೂ ಯಾತ್ರೆ ವ್ಯರ್ಥವಲ್ಲ. 1159ರ ಭಂಡಾರ ಬಸದಿಯಲ್ಲಿ ಇಪ್ಪತ್ನಾಲ್ಕು ತೀರ್ಥಂಕರರ ದರ್ಶನ, 1181ರ ಅಕ್ಕನ ಬಸದಿ, ಜೈನ ಮಠ ಎಲ್ಲವೂ ಊರೊಳಗೇ ಇವೆ.

ಹೋಗುವ ದಾರಿಯಲ್ಲಿ ಒಂದು ಎಚ್ಚರ ಇರಲಿ. ಹುಬ್ಬಳ್ಳಿ–ಬೆಂಗಳೂರು ಮಾರ್ಗದ ಅರಸೀಕೆರೆಯಲ್ಲಿ ಇಳಿದು ಚನ್ನರಾಯಪಟ್ಟಣದ ಮೇಲೆ ಹೋದರೆ ದೂರ ಕಡಿಮೆ. ಆದರೆ ರಾತ್ರಿ ರೈಲು ಬೆಳಕು ಹರಿಯುವ ಮುಂಚೆಯೇ ಅರಸೀಕೆರೆ ತಲುಪುವಂತಿದ್ದರೆ ಒಬ್ಬರೇ ಅಲ್ಲಿ ಇಳಿಯುವುದು ಬೇಡ. ಬೆಳಿಗ್ಗೆ ಬೆಂಗಳೂರಿಗೇ ಹೋಗಿ, ಅಲ್ಲಿಂದ ಹಗಲು ಬಸ್ಸು ಅಥವಾ ಹಾಸನ ಕಡೆಯ ರೈಲು ಹಿಡಿಯಬೇಕು. 2017ರಲ್ಲಿ ಶುರುವಾದ ಕುಣಿಗಲ್ ಮಾರ್ಗದಲ್ಲಿ ಶ್ರವಣಬೆಳಗೊಳಕ್ಕೇ ನಿಲ್ದಾಣ ಇದೆ. ಸ್ವಲ್ಪ ಸುತ್ತಾದರೂ ಹಗಲಿನ ದಾರಿ.

ನಾಲ್ಕನೆಯ ಮೆಟ್ಟಿಲು: ಧರ್ಮಸ್ಥಳ, ಮೂಡುಬಿದಿರೆ, ಕಾರ್ಕಳ

ಶ್ರವಣಬೆಳಗೊಳ ಮುಗಿಸಿ ಬಂದವರು ಕರಾವಳಿಗೆ ಹೊರಡಬಹುದು. ಧರ್ಮಸ್ಥಳದಲ್ಲಿ 1982ರಲ್ಲಿ ಪ್ರತಿಷ್ಠೆಯಾದ 39 ಅಡಿಯ ಬಾಹುಬಲಿ ಇದೆ, ಅನ್ನದಾಸೋಹ ಇದೆ, ರಾಜ್ಯದ ನಾನಾ ಕಡೆಯಿಂದ ಬಸ್ಸುಗಳಿವೆ. ಜೈನ ಕಾಶಿ ಎನ್ನಿಸಿಕೊಂಡ ಮೂಡುಬಿದಿರೆಯ ಹದಿನೆಂಟು ಬಸದಿಗಳಲ್ಲಿ 1430ರ ಸಾವಿರ ಕಂಬದ ಬಸದಿ ಎಲ್ಲರೂ ಬಲ್ಲದ್ದು. ಕಾರ್ಕಳದಲ್ಲಿ 1432ರ ಗೊಮ್ಮಟ, ವೇಣೂರಿನಲ್ಲಿ 1604ರ ಗೊಮ್ಮಟ. ಒಂದೇ ದಿನದಲ್ಲಿ ಎಲ್ಲವನ್ನೂ ಮುಗಿಸುವ ಆತುರ ಬೇಡ. ಒಂದು ಕಡೆ ಉಳಿದು, ದಿನಕ್ಕೆ ಒಂದು ಊರು ನೋಡಿ, ಸಂಜೆ ಅದೇ ಕೋಣೆಗೆ ಬರುವುದು ಕ್ಷೇಮ.

ಸದ್ಯಕ್ಕೆ ಬೇಡವಾದ ಕ್ಷೇತ್ರಗಳು

ಸಮ್ಮೇದ ಶಿಖರ್ಜಿ ಪ್ರತಿಯೊಬ್ಬ ಜೈನನ ಕನಸು. ಆದರೆ ಅದು ಜಾರ್ಖಂಡದಲ್ಲಿದೆ. ಎರಡು ದಿನದ ರೈಲು ಪ್ರಯಾಣ, ಹಿಂದಿ ಭಾಷೆ, ಬೆಟ್ಟ ಹತ್ತಿ ವಂದನೆ ಮುಗಿಸಿ ಇಳಿಯಲು ಸುಮಾರು 27 ಕಿ.ಮೀ. ನಡಿಗೆ. ಗಿರನಾರಕ್ಕೆ 2020ರಿಂದ ರೋಪ್‌ವೇ ಆಗಿದ್ದರೂ ಮೆಟ್ಟಿಲು ಪೂರ್ತಿ ತಪ್ಪುವುದಿಲ್ಲ. ಪಾಲಿತಾಣದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಮೆಟ್ಟಿಲು. ಇವನ್ನು ಸಂಘದ ಜೊತೆಯಲ್ಲೇ ಮಾಡಬೇಕು. ಮೊದಲ ಸಲ ಒಬ್ಬರೇ ಹೋಗುವ ಕ್ಷೇತ್ರಗಳು ಇವಲ್ಲ.

ಕೋಣೆಯ ವಿಚಾರ

ಬಹಳ ಜನರಿಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ಹಲವು ಧರ್ಮಶಾಲೆ, ವಸತಿಗೃಹಗಳಲ್ಲಿ ಒಬ್ಬರೇ ಬಂದವರಿಗೆ ಕೋಣೆ ಕೊಡಲು ಹಿಂದೆಮುಂದೆ ನೋಡುತ್ತಾರೆ. ಸಂಜೆ ಹೊತ್ತಿನಲ್ಲಿ ಕೌಂಟರ್ ಮುಂದೆ ಈ ಮಾತು ಕೇಳಬೇಕಾಗಿ ಬಂದರೆ ಎಂಥವರಿಗೂ ಧೈರ್ಯ ಕುಸಿಯುತ್ತದೆ. ಆದ್ದರಿಂದ ವಾರದ ಮುಂಚೆಯೇ ಕಚೇರಿಗೆ ಕರೆ ಮಾಡಿ, "ಒಬ್ಬರೇ ಬರುತ್ತೇವೆ, ಕೋಣೆ ಕೊಡುತ್ತೀರಾ?" ಎಂದು ನೇರವಾಗಿ ಕೇಳಿ ಒಪ್ಪಿಗೆ ಪಡೆಯಬೇಕು. ಮಾತನಾಡಿದವರ ಹೆಸರು ಬರೆದಿಟ್ಟುಕೊಳ್ಳಬೇಕು. ಊರಿನ ಸಮಾಜದ ಅಧ್ಯಕ್ಷರಿಂದ ಒಂದು ಪರಿಚಯ ಪತ್ರ, ಜೊತೆಗೆ ಆಧಾರ್ ಕಾರ್ಡ್ ಇದ್ದರೆ ಕೆಲಸ ಸುಲಭ.

ಮೊಬೈಲಿನಲ್ಲಿ ಹುಡುಕಿದಾಗ ಕ್ಷೇತ್ರಗಳ ಹೆಸರಿನಲ್ಲಿ ನಕಲಿ ನಂಬರುಗಳೂ ಸಿಗುತ್ತವೆ. "ಮುಂಗಡ ಹಾಕಿ, ಕೋಣೆ ಕಾಯ್ದಿರಿಸುತ್ತೇವೆ" ಎಂದು ಹಣ ಹಾಕಿಸಿಕೊಂಡು ಮಾಯವಾಗುತ್ತಾರೆ. ಹಿಂದೆ ಹೋಗಿ ಬಂದ ಸಮಾಜ ಬಾಂಧವರಿಂದ ನಂಬರು ಪಡೆಯುವುದೇ ಸರಿಯಾದ ದಾರಿ. ಮೋಸವಾದರೆ ತಡಮಾಡದೆ 1930ಕ್ಕೆ ದೂರು ಕೊಡಬೇಕು.

ಪ್ರಯಾಣದ ಸೌಲಭ್ಯಗಳು

ಜೂನ್ 2023ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಮತ್ತು ವೇಗದೂತ ಸರ್ಕಾರಿ ಬಸ್ಸುಗಳಲ್ಲಿ ರಾಜ್ಯದೊಳಗೆ ಪ್ರಯಾಣ ಉಚಿತ. ರಾಜಹಂಸ, ಸ್ಲೀಪರ್, ಎ.ಸಿ. ಬಸ್ಸುಗಳಿಗೆ ಇದು ಅನ್ವಯಿಸದು. ರೈಲಿನಲ್ಲಿ ಒಬ್ಬರೇ ಹೋಗುವ 60 ದಾಟಿದ ಪುರುಷರಿಗೆ, 45 ದಾಟಿದ ಮಹಿಳೆಯರಿಗೆ ಕೆಳಗಿನ ಬರ್ತ್ ಕೋಟಾ ಇದೆ, ಟಿಕೆಟ್ ಮಾಡಿಸುವಾಗ ಮರೆಯದೆ ಕೇಳಬೇಕು. ಹಿರಿಯರಿಗಿದ್ದ ರೈಲು ದರದ ರಿಯಾಯಿತಿ 2020ರಲ್ಲೇ ನಿಂತಿದೆ, ಅದನ್ನು ನಂಬಿ ಲೆಕ್ಕ ಹಾಕಬಾರದು.

ಕಾಲ ಯಾವುದು?

ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿ, ಮಲೆನಾಡಿನಲ್ಲಿ ಮಳೆ ಜೋರು, ಕಲ್ಲು ಮೆಟ್ಟಿಲು ಜಾರುತ್ತವೆ. ಚಾತುರ್ಮಾಸದಲ್ಲಿ ಪ್ರಯಾಣ ಕಡಿಮೆ ಮಾಡುವ ನಮ್ಮ ಹಿರಿಯರ ಪದ್ಧತಿಗೂ ಇದು ಹೊಂದುತ್ತದೆ. ದೊಡ್ಡ ಉತ್ಸವಗಳ ದಿನ, ಸಾಲು ರಜೆಯ ದಿನ ಮೊದಲ ಯಾತ್ರೆ ಇಟ್ಟುಕೊಳ್ಳಬಾರದು.

ಚೀಲದಲ್ಲಿ ಏನಿರಬೇಕು?

ತಾವೇ ಎತ್ತಿಕೊಂಡು ಮೆಟ್ಟಿಲು ಹತ್ತಬಹುದಾದಷ್ಟೇ ಭಾರದ ಒಂದೇ ಚೀಲ. ಕಾಯಿಸಿ ಸೋಸಿದ ನೀರಿನ ಬಾಟಲಿ. ಬಸ್ಸು ತಡವಾಗಿ ಊಟದ ಹೊತ್ತು ಮೀರಿದರೆ ಇರಲಿ ಎಂದು ಖಡಕ್ ರೊಟ್ಟಿ, ಬೆಳ್ಳುಳ್ಳಿ ಹಾಕದ ಶೇಂಗಾ ಚಟ್ನಿಪುಡಿ ಅಥವಾ ಖಾಕ್ರಾ. ದಿನದ ಮಾತ್ರೆ, ಎರಡು ದಿನ ಹೆಚ್ಚಿಗೆ. ಹಣ ಎರಡು ಕಡೆ ಬೇರೆ ಬೇರೆ ಇಟ್ಟುಕೊಳ್ಳಬೇಕು. ಫೋನಿನಲ್ಲೇ ಎಲ್ಲ ಇದೆ ಎಂದು ನಂಬದೆ ಮನೆಯ ಎರಡು ನಂಬರು, ಇಳಿಯುವ ಊರು, ಉಳಿಯುವ ಜಾಗ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಬೇಕು. ಬಂಗಾರ ಮನೆಯಲ್ಲೇ ಇರಲಿ.

ತುರ್ತಿಗೆ 112, ಮಹಿಳೆಯರಿಗೆ 181, ಹಿರಿಯ ನಾಗರಿಕರಿಗೆ 14567, ರೈಲಿನಲ್ಲಿ 139. ಈ ನಾಲ್ಕು ನಂಬರು ಬಾಯಿಪಾಠ ಇರಲಿ.

ಮನೆಯವರು ಮಾಡಬೇಕಾದ್ದು

ಹೊರಟವರಿಗೆ ಅರ್ಧ ಗಂಟೆಗೊಮ್ಮೆ ಫೋನ್ ಮಾಡಿದರೆ ಅವರ ಬ್ಯಾಟರಿಯೂ ಹೋಗುತ್ತದೆ, ಧೈರ್ಯವೂ ಹೋಗುತ್ತದೆ. ಮೂರು ಹೊತ್ತು ಗೊತ್ತು ಮಾಡಿಕೊಂಡರೆ ಸಾಕು: ಇಳಿದ ಕೂಡಲೇ, ಕೋಣೆ ಸಿಕ್ಕ ಕೂಡಲೇ, ರಾತ್ರಿ ಮಲಗುವ ಮುಂಚೆ. ಹೇಳಿದ ಹೊತ್ತಿಗೆ ಕರೆ ಬಾರದಿದ್ದರೆ ಒಂದು ಗಂಟೆ ನೋಡಿ ಧರ್ಮಶಾಲೆಯ ಕಚೇರಿಗೆ ಕೇಳಬೇಕು. ಆ ನಂಬರು ಮನೆಯಲ್ಲೂ ಇರಬೇಕು. "ಈ ವಯಸ್ಸಿನಲ್ಲಿ ಏಕೆ ಬೇಕಿತ್ತು" ಎಂಬ ಮಾತನ್ನು ಹೊರಡುವ ದಿನವೂ ಆಡಬಾರದು, ಬಂದ ದಿನವೂ ಆಡಬಾರದು.

ಆಯಾ ಊರಿನ ಸಮಾಜದವರೂ ಒಂದು ಕೆಲಸ ಮಾಡಬಹುದು. ಹೋಗಿ ಬಂದವರು ಯಾವ ಬಸ್ಸು, ಎಷ್ಟು ಹೊತ್ತಿಗೆ ತಲುಪಿತು, ಕೋಣೆ ಹೇಗಿತ್ತು, ಊಟ ಎಷ್ಟು ಹೊತ್ತಿಗೆ ಎಂಬುದನ್ನು ಬಸದಿಯ ಒಂದು ವಹಿಯಲ್ಲಿ ನಾಲ್ಕು ಸಾಲು ಬರೆದಿಟ್ಟರೆ ಮುಂದೆ ಹೋಗುವವರಿಗೆ ಅದೇ ದಾರಿದೀಪ. ಜೊತೆಗೆ ಬರಲು ಯಾರಿಗೂ ಬಿಡುವಿಲ್ಲದಿದ್ದರೆ ಹೋಗಲಿ, ದಾರಿ ಹೇಳಲು ಹತ್ತು ನಿಮಿಷ ಎಲ್ಲರಿಗೂ ಇರುತ್ತದೆ. ಆ ಹತ್ತು ನಿಮಿಷದಿಂದ ಒಬ್ಬ ತಾಯಿಯ ಹರಕೆ ತೀರೀತು.

ಜೈ ಜಿನೇಂದ್ರ.