ಅಖಾಡ ನಮ್ಮೂರಲ್ಲೂ ಇರಲಿ

ಒಂದು ಸೆಕೆಂಡನ್ನು 60 ಚೂರು ಮಾಡಿ. ಅದರಲ್ಲಿ ಒಂದು ಚೂರಿಗೆ ಫೈಟಿಂಗ್ ಗೇಮ್ ಆಡುವವರು ‘ಫ್ರೇಮ್’ ಎನ್ನುತ್ತಾರೆ. ಟೆಕ್ಕನ್, ಸ್ಟ್ರೀಟ್ ಫೈಟರ್‌ನಂಥ ಆಟಗಳಲ್ಲಿ ಪರದೆಯ ಮೇಲಿನ ಇಬ್ಬರು ಜಟ್ಟಿಗಳ ಪ್ರತಿ ಏಟಿಗೂ ಪ್ರತಿ ತಡೆಗೂ ಲೆಕ್ಕ ಇರುವುದು ಈ ಫ್ರೇಮುಗಳಲ್ಲಿ. ಟೆಕ್ಕನ್‌ನ ವೇಗದ ಗುದ್ದು 10ನೇ ಫ್ರೇಮಿಗೆ ತಾಗುತ್ತದೆ, ಅಂದರೆ ಸೆಕೆಂಡಿನ ಆರನೇ ಒಂದು ಭಾಗದಲ್ಲಿ. ಕಣ್ಣಿಗೆ ಕಂಡದ್ದಕ್ಕೆ ಬೆರಳು ಆಡಿಸಲು ಮನುಷ್ಯನಿಗೆ ಸೆಕೆಂಡಿನ ಐದನೇ ಒಂದು ಭಾಗವಾದರೂ ಬೇಕು. ಹಾಗಾಗಿ ಈ ಗುದ್ದನ್ನು ನೋಡಿ ತಡೆಯಲು ಆಗುವುದಿಲ್ಲ. ಎದುರಾಳಿ ಏನು ಮಾಡಬಹುದು ಎಂದು ಮೊದಲೇ ಊಹಿಸಬೇಕು. ಹೊರಗಿನವರಿಗೆ ಬರೀ ಬಟನ್ ಒತ್ತುವಂತೆ ಕಾಣುವ ಈ ಆಟ ನಿಜಕ್ಕೂ ಇರುವುದು ಆ ಊಹೆಯಲ್ಲಿ.

ಇಂಥ ಆಟದ ಟೂರ್ನಿಗೆ ಯಲಬುರ್ಗಾ, ಕುಷ್ಟಗಿ ಕಡೆಯ ಹುಡುಗರು ಸೇರುವುದು ಹೇಗೆ? ಇರುವ ದಾರಿ ಎರಡೇ. ಒಂದು, ರಾತ್ರಿ ಬಸ್ ಹತ್ತಿ ಬೆಂಗಳೂರಿಗೆ ಹೋಗುವುದು. ಬಸ್ ಚಾರ್ಜು, ಊಟ, ಪ್ರವೇಶ ಶುಲ್ಕ ಕೂಡಿಸಿದರೆ ತಿಂಗಳ ಮೆಸ್ ಬಿಲ್ಲಿನ ದೊಡ್ಡ ಪಾಲು ಅಲ್ಲಿಗೇ ಹೋಯಿತು. ಇನ್ನೊಂದು, ಆನ್‌ಲೈನ್ ಅರ್ಹತಾ ಸುತ್ತು. ಕುಷ್ಟಗಿ ತಾಲ್ಲೂಕಿನ ನನ್ನ ಹಾಸ್ಟೆಲ್ ಗೆಳೆಯನೊಬ್ಬ ಇಂಥ ಸುತ್ತಿಗೆ ಹೆಸರು ಕೊಟ್ಟಿದ್ದ. ನಮ್ಮಲ್ಲಿ ಅವನನ್ನು ಸೋಲಿಸಿದವರಿಲ್ಲ. ಮೊಬೈಲ್ ಹಾಟ್‌ಸ್ಪಾಟ್ ಇಟ್ಟುಕೊಂಡು ಕೂತ. ಪಂದ್ಯ 1–1 ಆಗಿದ್ದಾಗ ಸಂಪರ್ಕ ಕಡಿಯಿತು. ಸಂಪರ್ಕ ಕಳೆದುಕೊಂಡವನಿಗೆ ಸೋಲು ಎನ್ನುವುದು ಅಲ್ಲಿನ ನಿಯಮ. ‘ಸೋತಿದ್ರ ಸಮಾಧಾನ ಇರ್ತಿತ್ತಲೇ. ನಾ ಸೋತೇ ಇಲ್ಲ, ಆದ್ರೂ ಹೊರಗ ಬಿದ್ದೆ’ ಅಂದ. ಆಮೇಲೆ ಅವನು ಹೆಸರು ಕೊಡುವುದನ್ನೇ ಬಿಟ್ಟ.

‘ನಾವು ದೂರದವರು, ಏನು ಮಾಡೋದು’ ಎಂದು ಸುಮ್ಮನಾಗುವುದು ಸುಲಭ. ಆದರೆ ಬಿಇ ಓದುವವನಿಗೆ ಲೆಕ್ಕ ಮಾಡಿ ನೋಡುವ ಚಟ ಇರುತ್ತದೆ. ಆಪ್ಟಿಕಲ್ ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಬೆಂಗಳೂರಿಗೆ 400 ಕಿ.ಮೀ. ಎಂದುಕೊಂಡರೆ ಹೋಗಿಬರಲು 4 ಮಿಲಿಸೆಕೆಂಡ್ ಸಾಕು. ತಂತಿ ಸುತ್ತಿ ಬಳಸಿ ಎರಡು ಪಟ್ಟು ದಾರಿ ಹಿಡಿದರೂ 8 ಮಿಲಿಸೆಕೆಂಡ್. ಒಂದು ಫ್ರೇಮ್ ಅಂದರೆ ಸುಮಾರು 16.7 ಮಿಲಿಸೆಕೆಂಡ್. ಅಂದರೆ ದೂರವೊಂದೇ ಕಾರಣವಾಗಿದ್ದರೆ ನಮಗೆ ಒಂದು ಫ್ರೇಮ್ ಕೂಡ ನಷ್ಟವಾಗಬಾರದು. ನಷ್ಟವಾಗುತ್ತಿರುವುದು ಕೊನೆಯ ಒಂದೆರಡು ಕಿಲೊಮೀಟರಿನಲ್ಲಿ. ಗಳಿಗೆಗೊಮ್ಮೆ ಏರಿಳಿಯುವ ಸಿಗ್ನಲ್, ಹತ್ತು ಜನ ಹಂಚಿಕೊಂಡ ವೈಫೈ, ಒಂದೇ ಟವರಿಗೆ ಮುಗಿಬಿದ್ದ ಸಂಜೆಯ ಮೊಬೈಲುಗಳು ನಮ್ಮ ಆಟವನ್ನು ಕೆಡಿಸುತ್ತಿವೆ. ದೂರವನ್ನು ಯಾರೂ ಕಡಿಮೆ ಮಾಡಲಾರರು. ಈ ಅಡ್ಡಿಗಳನ್ನು ಸಂಘಟಕರು ಮನಸ್ಸು ಮಾಡಿದರೆ ದಾಟಬಹುದು.

ಹೀಗೆ ಮನಸ್ಸು ಮಾಡಿದ ಸಂಘಟಕರ ಉದಾಹರಣೆ ಇದೆ. 1996ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಸನಿವೇಲ್ ಊರಿನ ಒಂದು ವಿಡಿಯೊ ಗೇಮ್ ಕೇಂದ್ರದಲ್ಲಿ 40 ಜನ ಸೇರಿ ಸ್ಟ್ರೀಟ್ ಫೈಟರ್ ಟೂರ್ನಿ ಆಡಿದರು. ಅದನ್ನು ನಡೆಸಿದವರಲ್ಲಿ ಟಾಮ್ ಮತ್ತು ಟೋನಿ ಕ್ಯಾನನ್ ಎಂಬ ಅವಳಿ ಸಹೋದರರಿದ್ದರು. ಅದೇ ಟೂರ್ನಿ 2002ರಿಂದ ‘ಇವೊ’ ಎಂಬ ಹೆಸರಿನಲ್ಲಿ ಬೆಳೆಯಿತು. 2023ರಲ್ಲಿ ಅಲ್ಲಿ ಸ್ಟ್ರೀಟ್ ಫೈಟರ್ 6 ಒಂದಕ್ಕೇ 7 ಸಾವಿರಕ್ಕೂ ಹೆಚ್ಚು ಮಂದಿ ಹೆಸರು ಕೊಟ್ಟಿದ್ದರು. ಆನ್‌ಲೈನ್ ಪಂದ್ಯಗಳಲ್ಲಿ ಆಗುವ ವಿಳಂಬ ನೋಡಿ ಬೇಸತ್ತ ಟೋನಿ ಕ್ಯಾನನ್ ‘ಜಿಜಿಪಿಒ’ ಎಂಬ ತಂತ್ರಾಂಶ ಬರೆದರು. ಎದುರಾಳಿಯ ಬಟನ್ ಸುದ್ದಿ ಬರುವವರೆಗೆ ಕಾಯದೆ, ಅವನು ಏನು ಒತ್ತಿರಬಹುದೆಂದು ಊಹಿಸಿ ಅದು ಆಟವನ್ನು ಮುಂದಕ್ಕೆ ಓಡಿಸುತ್ತದೆ. ಊಹೆ ತಪ್ಪಾದರೆ ಕೆಲವು ಫ್ರೇಮ್ ಹಿಂದೆ ಹೋಗಿ ತಿದ್ದಿಕೊಂಡು ಮುಂದುವರಿಯುತ್ತದೆ. ಇದಕ್ಕೆ ‘ರೋಲ್‌ಬ್ಯಾಕ್’ ಎನ್ನುತ್ತಾರೆ. ಈಗಿನ ಬಹುತೇಕ ಫೈಟಿಂಗ್ ಗೇಮ್‌ಗಳು ಈ ಬಗೆಯಲ್ಲೇ ನಡೆಯುತ್ತವೆ. 2019ರಲ್ಲಿ ಜಿಜಿಪಿಒ ಕೋಡ್ ಎಲ್ಲರಿಗೂ ಮುಕ್ತವಾಯಿತು.

ಆದರೆ ರೋಲ್‌ಬ್ಯಾಕ್ ಸಣ್ಣ ವಿಳಂಬವನ್ನು ಮುಚ್ಚಬಲ್ಲದೇ ಹೊರತು ಹಾಟ್‌ಸ್ಪಾಟಿನ ಏರಿಳಿತವನ್ನಲ್ಲ. ಅದಕ್ಕೇ ರೋಲ್‌ಬ್ಯಾಕ್ ಬರೆದವರೇ ಕಟ್ಟಿದ ಇವೊ ಟೂರ್ನಿಯಲ್ಲಿ ಇವತ್ತಿಗೂ ಆಟಗಾರರು ಪಕ್ಕಪಕ್ಕದಲ್ಲಿ ಕೂತೇ ಆಡುತ್ತಾರೆ.

ಪಕ್ಕಪಕ್ಕ ಕೂತು ಆಡಿದ ಊರಿನ ಶಕ್ತಿ ಏನೆಂಬುದಕ್ಕೆ ಲಾಹೋರ್ ಸಾಕ್ಷಿ. ದೊಡ್ಡ ಟೂರ್ನಿಗಳ ನಕ್ಷೆಯಲ್ಲೇ ಇಲ್ಲದ ಆ ಊರಿನ ಅರ್ಸಲಾನ್ ಆ್ಯಶ್ 2019ರಲ್ಲಿ ಇವೊ ಜಪಾನ್ ಗೆದ್ದರು. ಅದೇ ವರ್ಷ ಲಾಸ್ ವೇಗಸ್‌ನ ಇವೊದಲ್ಲೂ ಟೆಕ್ಕನ್ 7 ಗೆದ್ದರು. ನಮ್ಮ ದೇಶದಲ್ಲಿ ಇನ್ನೂ ಉತ್ತಮ ಆಟಗಾರರಿದ್ದಾರೆ ಎಂದು ಅವರು ಹೇಳಿದಾಗ ಜಗತ್ತು ಬೆರಗಾಯಿತು. ಆ ಆಟಗಾರರು ತಯಾರಾದದ್ದು ಗೇಮ್ ಅಂಗಡಿಗಳಲ್ಲಿ, ದಿನವೂ ಒಬ್ಬರಿಗೊಬ್ಬರು ಎದುರಾಗಿ. 2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಇ–ಸ್ಪೋರ್ಟ್ಸ್‌ಗೆ ಮೊದಲ ಬಾರಿ ಪದಕ ಸಿಕ್ಕಾಗ, ಸ್ಟ್ರೀಟ್ ಫೈಟರ್ 5ರ ಚಿನ್ನ ಗೆದ್ದ ದಕ್ಷಿಣ ಕೊರಿಯಾದ ಕಿಮ್ ಗ್ವಾನ್–ವೂ ಅವರಿಗೆ 44 ವರ್ಷ. ಅವರೂ ಗೇಮ್ ಅಂಗಡಿಗಳ ಕಾಲದವರು. ಆ ಕ್ರೀಡಾಕೂಟದಲ್ಲಿ ಭಾರತದ ಪರವಾಗಿ ಮಯಾಂಕ್ ಪ್ರಜಾಪತಿ ಮತ್ತು ಅಯಾನ್ ಬಿಸ್ವಾಸ್ ಇದೇ ಆಟ ಆಡಿದ್ದರು.

ಕುಸ್ತಿಯಿಂದ ಕಲಿಯಬೇಕಾದದ್ದು

ಹೊಸ ಆಟಕ್ಕೆ ಹೊಸ ವ್ಯವಸ್ಥೆ ಎಲ್ಲಿಂದ ತರುವುದು ಎಂದು ಕೇಳಬೇಡಿ. ನಮ್ಮ ಕಡೆಯ ಜಾತ್ರೆಗಳ ಜಂಗಿ ಕುಸ್ತಿ ನೋಡಿದವರಿಗೆ ಅರ್ಧ ಪಾಠ ಆಗಲೇ ಗೊತ್ತು. ಅಲ್ಲಿ ಪೈಲ್ವಾನರು ಊರೂರಿಂದ ಬರುತ್ತಾರೆ. ಪಂಚರು ತೂಕ, ತಾಕತ್ತು ನೋಡಿ ಜೋಡಿ ಕಟ್ಟುತ್ತಾರೆ. ಒಂದೇ ಗರಡಿಯವರನ್ನು ಎದುರುಬದುರು ನಿಲ್ಲಿಸುವುದಿಲ್ಲ. ಈ ಊರಲ್ಲಿ ಸೋತವನು ಮುಂದಿನ ವಾರ ಮತ್ತೊಂದು ಊರಿನ ಅಖಾಡಕ್ಕೆ ಇಳಿಯುತ್ತಾನೆ. ಹಾಸ್ಟೆಲ್ ಟೂರ್ನಿಯ ವಿಚಾರ ಕೇಳಿದ ನಮ್ಮ ಕಾಕಾ, ‘ಒಂದ ಸಲ ಬಿದ್ರ ಮನಿಗೆ ಕಳಸ್ತೀರಿ ಅಂದ್ರ ಹುಡುಗ ಕಲಿಯೋದು ಯಾವಾಗೋ ತಮ್ಮಾ?’ ಎಂದಿದ್ದರು.

ಕಾಕಾ ಕೇಳಿದ ಪ್ರಶ್ನೆಗೆ ಉತ್ತರ ‘ಡಬಲ್ ಎಲಿಮಿನೇಶನ್’. ಒಮ್ಮೆ ಸೋತವರು ಕೆಳಗಿನ ಪಟ್ಟಿಗೆ ಇಳಿಯುತ್ತಾರೆ. ಎರಡನೇ ಬಾರಿ ಸೋತರೆ ಮಾತ್ರ ಹೊರಗೆ. ಕೆಳಗಿನ ಪಟ್ಟಿಯಿಂದಲೇ ಮೇಲೆದ್ದು ಬಂದವರು ಫೈನಲ್‌ನಲ್ಲಿ ಎದುರಾಳಿಯನ್ನು ಎರಡು ಸಲ ಸೋಲಿಸಬೇಕು, ಏಕೆಂದರೆ ಅವರು ಇನ್ನೂ ಒಂದೂ ಸೋಲು ಕಂಡಿರುವುದಿಲ್ಲ. ನೂರು ಕಿಲೊಮೀಟರ್ ದೂರದಿಂದ ಬಂದವರಿಗೂ ಕನಿಷ್ಠ ಎರಡು ಪಂದ್ಯದ ಭರವಸೆ ಇರುತ್ತದೆ. ಬೇರೆ ಬೇರೆ ಊರಿನವರು ಸೇರುವ ಟೂರ್ನಿಗೆ ಇದು ಮೊದಲ ನಿಯಮವಾಗಬೇಕು.

ಇದಕ್ಕೆ ಸಮಯ ಹೆಚ್ಚು ಬೇಕು, ನಿಜ. 16 ಜನರಿಗೆ ನೇರ ನಾಕೌಟ್ ಆದರೆ 15 ಪಂದ್ಯ. ಡಬಲ್ ಎಲಿಮಿನೇಶನ್ ಆದರೆ 30 ಅಥವಾ 31. ಮೂರರಲ್ಲಿ ಎರಡು ಗೆಲ್ಲುವ ಪಂದ್ಯಕ್ಕೆ 10 ನಿಮಿಷ ಹಿಡಿದರೆ ಒಂದು ಕನ್ಸೋಲ್‌ನಲ್ಲಿ 5 ಗಂಟೆ. ಎರಡು ಕನ್ಸೋಲ್ ಇದ್ದರೆ ಊಟದ ಹೊತ್ತಿಗೆ ಮುಗಿಯುತ್ತದೆ. ನಮ್ಮ ಹಾಸ್ಟೆಲ್ಲಿನಲ್ಲಿ 13 ಜನರ ಟೂರ್ನಿ ಬೆಳಿಗ್ಗೆ 10ಕ್ಕೆ ಶುರುವಾಗಿ, ನಡುವೆ ಒಮ್ಮೆ ಕರೆಂಟ್ ಹೋದರೂ ಮಧ್ಯಾಹ್ನ ಒಂದೂವರೆಗೆ ಮುಗಿದಿತ್ತು. ಡ್ರಾ ಬರೆದದ್ದು ಒಂದು ಚಾರ್ಟ್ ಶೀಟ್ ಮೇಲೆ. 16ರ ಪಟ್ಟಿಗೆ ಮೂವರು ಕಡಿಮೆ ಇದ್ದದ್ದರಿಂದ ಬಲಶಾಲಿಗಳಾದ ಮೂವರಿಗೆ ಮೊದಲ ಸುತ್ತಿನಲ್ಲಿ ಬೈ ಕೊಟ್ಟೆವು.

ಡ್ರಾ ಬರೆಯುವಾಗ ಬರೀ ಚೀಟಿ ಎತ್ತಿದರೆ ಸಾಲದು. ಮೊದಲು ಬಲದ ಪ್ರಕಾರ ಸಾಲು ಮಾಡಬೇಕು. ಇಬ್ಬರು ಅತ್ಯುತ್ತಮರು ಫೈನಲ್‌ಗೆ ಮೊದಲು ಎದುರಾಗದಂತೆ ಪಟ್ಟಿಯ ಎರಡು ತುದಿಯಲ್ಲಿ ಇಡಬೇಕು. ಆಮೇಲೆ ಊರು ನೋಡಬೇಕು. ಒಂದೇ ಬಸ್ಸಿನಲ್ಲಿ ಬಂದ ಇಬ್ಬರು ಕುಷ್ಟಗಿಯವರು ಬೆಳಿಗ್ಗೆಯೇ ಒಬ್ಬರಿಗೊಬ್ಬರು ಬಡಿದಾಡಿ ಒಬ್ಬ ಮನೆಗೆ ಹೊರಟರೆ ಅಷ್ಟು ದೂರ ಬಂದು ಏನು ಬಂತು? ಅವರು ದಿನವೂ ಹಾಗೆ ಆಡಿಕೊಂಡೇ ಬಂದವರು.

ಇನ್ನು ಕೆಲವು ಸಣ್ಣ ಸಂಗತಿಗಳು ಟೂರ್ನಿಯ ಮರ್ಯಾದೆ ಕಾಯುತ್ತವೆ. ಟಿ.ವಿ.ಯನ್ನು ‘ಗೇಮ್ ಮೋಡ್’ಗೆ ಹಾಕಬೇಕು, ಇಲ್ಲವಾದರೆ ಚಿತ್ರವನ್ನು ಚೆಂದ ಮಾಡುವ ಭರದಲ್ಲಿ ಅದೇ ಕೆಲವು ಫ್ರೇಮ್ ನುಂಗುತ್ತದೆ. ವೈರ್‌ಲೆಸ್ ಕಂಟ್ರೋಲರ್ ತಂದವರು ಆಟ ಮುಗಿದ ಕೂಡಲೇ ಅದರ ಬ್ಲೂಟೂತ್ ಜೋಡಣೆ ತೆಗೆಯಬೇಕು. ಬ್ಯಾಗಿನೊಳಗೆ ಬಟನ್ ಒತ್ತಿಹೋಗಿ ಬೇರೆಯವರ ಪಂದ್ಯ ನಡುವೆ ನಿಂತರೆ ಜಗಳ ಗ್ಯಾರಂಟಿ. ಗೆದ್ದವರು ಅದೇ ಪಾತ್ರದಲ್ಲಿ ಮುಂದುವರಿಯಬೇಕು, ಸೋತವರು ಬೇಕಾದರೆ ಪಾತ್ರ ಬದಲಿಸಬಹುದು. ಕರೆಂಟ್ ಹೋದರೆ ಮುಗಿದ ಸುತ್ತುಗಳ ಅಂಕ ಉಳಿಸಿಕೊಂಡು ಅರ್ಧಕ್ಕೆ ನಿಂತ ಸುತ್ತನ್ನು ಮಾತ್ರ ಮತ್ತೆ ಆಡಿಸಬೇಕು. ಇವೆಲ್ಲ ಕನ್ನಡದಲ್ಲಿ ಒಂದೇ ಹಾಳೆಯಲ್ಲಿ ಬರೆದು ಟೂರ್ನಿಗೆ ಮೊದಲೇ ಗೋಡೆಗೆ ಅಂಟಿಸಿದರೆ ಅರ್ಧ ತಕರಾರು ಹುಟ್ಟುವುದೇ ಇಲ್ಲ.

ನಾಲ್ಕು ಊರು, ನಾಲ್ಕು ಭಾನುವಾರ

ಒಂದು ಊರಿನ ಒಂದು ದಿನದ ಟೂರ್ನಿ ನೆನಪಾಗಿ ಉಳಿಯುತ್ತದೆ, ಅಷ್ಟೇ. ಆಟಗಾರರು ಬೆಳೆಯಬೇಕಾದರೆ ಊರುಗಳು ಒಂದಕ್ಕೊಂದು ಹೆಣೆದುಕೊಳ್ಳಬೇಕು. 2019ರ ಟೆಕ್ಕನ್ ವರ್ಲ್ಡ್ ಟೂರ್‌ನಲ್ಲಿ ‘ಡೋಜೊ’ ಎಂಬ ಮಟ್ಟವೊಂದನ್ನು ಸೇರಿಸಿದರು. ಸಣ್ಣ ಊರಿನ ಸ್ಥಳೀಯ ಸಂಘಟಕರೂ ತಮ್ಮ ಟೂರ್ನಿಯನ್ನು ನೋಂದಾಯಿಸಬಹುದಿತ್ತು. ಸೇರಿದ ಆಟಗಾರರ ಸಂಖ್ಯೆಗೆ ತಕ್ಕಂತೆ ಅಲ್ಲಿ ಗೆದ್ದವರಿಗೂ ಜಾಗತಿಕ ಪಟ್ಟಿಯ ಅಂಕ ಸಿಗುತ್ತಿತ್ತು.

ಇದನ್ನೇ ನಮ್ಮ ಜಿಲ್ಲೆಯ ಅಳತೆಗೆ ಹೊಲಿದುಕೊಳ್ಳಬಹುದು. ಯಲಬುರ್ಗಾ, ಕುಷ್ಟಗಿ, ಗಂಗಾವತಿ, ಕೊಪ್ಪಳ: ನಾಲ್ಕು ಊರು, ತಿಂಗಳಿಗೊಂದು ಭಾನುವಾರ. ಗೆದ್ದವರಿಗೆ 10 ಅಂಕ, ನಂತರದವರಿಗೆ 7, 5, 3. ಬಂದು ಆಡಿದ ಪ್ರತಿಯೊಬ್ಬರಿಗೂ 1. ನಾಲ್ಕರಲ್ಲಿ ಉತ್ತಮವಾದ ಮೂರು ಫಲಿತಾಂಶ ಮಾತ್ರ ಲೆಕ್ಕಕ್ಕೆ. ಹಾಗಾದರೆ ಇಂಟರ್ನಲ್ಸ್ ಬಂದು ಒಂದು ಭಾನುವಾರ ತಪ್ಪಿದವರಿಗೆ ಅನ್ಯಾಯವಾಗುವುದಿಲ್ಲ. ಅಂಕಪಟ್ಟಿಯ ಮೊದಲ 16 ಜನ ಜಿಲ್ಲಾ ಫೈನಲ್‌ಗೆ. ಓಡಾಟವೂ ಮೊದಲಿನಷ್ಟು ಕಷ್ಟವಿಲ್ಲ. 2025ರ ಮೇ ತಿಂಗಳಲ್ಲಿ ತಳಕಲ್–ಕುಷ್ಟಗಿ ಹೊಸ ಮಾರ್ಗ ಶುರುವಾಗಿ ಹುಬ್ಬಳ್ಳಿ–ಕುಷ್ಟಗಿ ರೈಲು ಓಡುತ್ತಿದೆ. ನಾಳೆ ಗದಗ, ಹುಬ್ಬಳ್ಳಿಯವರೂ ಸೇರಬಹುದು. ಬೆಂಗಳೂರಿನವರೊಂದಿಗೆ ಆನ್‌ಲೈನ್‌ನಲ್ಲೇ ಆಡಬೇಕಾಗಿ ಬಂದರೆ ಎಲ್ಲರೂ ಅವರವರ ಕೋಣೆಯಿಂದ ಆಡುವುದು ಬೇಡ. ತಾಲ್ಲೂಕಿಗೊಂದು ಫೈಬರ್ ಸಂಪರ್ಕವಿರುವ ಜಾಗ ಗೊತ್ತುಮಾಡಿ ಅಲ್ಲಿ ಲ್ಯಾನ್ ಕೇಬಲ್ ಹಾಕಿ ಆಡಿಸಲಿ. ಆಗ ನನ್ನ ಗೆಳೆಯನಂಥವರು ಸೋತರೆ ಎದುರಾಳಿಗೆ ಸೋಲುತ್ತಾರೆ.

ದುಬಾರಿ ಯಂತ್ರವೂ ಬೇಕಿಲ್ಲ. ಟೆಕ್ಕನ್ 7 ಹಳೆಯ ಪ್ಲೇಸ್ಟೇಷನ್ 4ರಲ್ಲಿ ನಡೆಯುತ್ತದೆ. ಬ್ರಾಲ್‌ಹಲ್ಲಾದಂಥ ಆಟ ಉಚಿತ, ಸಾಧಾರಣ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಪಂದ್ಯಗಳನ್ನು ಕಾಲೇಜಿನ ಕೊಠಡಿಯಲ್ಲಿ ಹಗಲು ಹೊತ್ತಿನಲ್ಲಿ ಇಟ್ಟರೆ ಹುಡುಗಿಯರೂ ಬರುತ್ತಾರೆ. ರಾತ್ರಿ ಗೇಮ್ ಅಂಗಡಿಯಲ್ಲಿ ಇಟ್ಟರೆ ಲೇಡೀಸ್ ಹಾಸ್ಟೆಲ್ ಗೇಟು ಮುಚ್ಚಿರುತ್ತದೆ. ಆಮೇಲೆ ‘ಹುಡುಗಿಯರು ಈ ಆಟ ಆಡೋದಿಲ್ಲ’ ಎನ್ನುವುದು ಸರಿಯಲ್ಲ.

ಮನೆಯವರ ಅಂಜಿಕೆಗೂ ಉತ್ತರ ಬೇಕು. ಗೇಮ್ ಎಂದರೆ ದುಡ್ಡು ಕಟ್ಟಿ ಕಳೆದುಕೊಳ್ಳುವುದು ಎಂದೇ ಹಳ್ಳಿಗಳಲ್ಲಿ ತಿಳಿದಿದ್ದಾರೆ. ಆನ್‌ಲೈನ್ ಜೂಜಿನ ಸಾಲ ಕಂಡ ಮನೆಗಳಲ್ಲಿ ಆ ಅಂಜಿಕೆ ಸುಳ್ಳಲ್ಲ. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಇ–ಸ್ಪೋರ್ಟ್ಸ್ ಅನ್ನು ಕ್ರೀಡಾ ಇಲಾಖೆಯ ವ್ಯಾಪ್ತಿಗೆ ತಂದಿತು. 2025ರ ಆಗಸ್ಟ್‌ನಲ್ಲಿ ಬಂದ ಆನ್‌ಲೈನ್ ಗೇಮಿಂಗ್ ಕಾಯ್ದೆ ದುಡ್ಡು ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿ, ಇ–ಸ್ಪೋರ್ಟ್ಸ್ ಅನ್ನು ಬೇರೆಯಾಗಿಯೇ ಗುರುತಿಸಿತು. ಅದರ ವ್ಯಾಖ್ಯೆಯಲ್ಲಿ ಪ್ರವೇಶ ಶುಲ್ಕಕ್ಕೂ ಸಾಧನೆಗೆ ಕೊಡುವ ಬಹುಮಾನಕ್ಕೂ ಜಾಗವಿದೆ, ಬಾಜಿಗೆ ಇಲ್ಲ. ಸಂಘಟಕರು ಈ ಗೆರೆಯನ್ನು ಕಟ್ಟುನಿಟ್ಟಾಗಿ ಕಾಯಬೇಕು. 50 ರೂಪಾಯಿ ಶುಲ್ಕ ಇಟ್ಟರೆ 16 ಜನರಿಂದ 800 ರೂಪಾಯಿ. ಅದರ ಖರ್ಚಿನ ಲೆಕ್ಕವೂ ನಿಯಮದ ಹಾಳೆಯ ಪಕ್ಕದಲ್ಲೇ ಅಂಟಿರಲಿ. ಬಹುಮಾನಕ್ಕೆ ಒಂದು ಶೀಲ್ಡ್ ಸಾಕು. ಪಕ್ಕದಲ್ಲಿ ನಿಂತವರು ಬಾಜಿ ಕಟ್ಟತೊಡಗಿದರೆ ಆ ದಿನದ ಆಟ ಅಲ್ಲಿಗೇ ಬಂದ್.

ಇದರಿಂದ ಕೆಲಸ ಸಿಗುತ್ತದೆಯೇ ಎಂದು ಕೇಳುವವರಿದ್ದಾರೆ. ಟೂರ್ನಿ ಆಡಿ ಬದುಕು ಕಟ್ಟಿಕೊಳ್ಳುವವರು ದೇಶಕ್ಕೆ ಕೆಲವರೇ. ಆ ಆಸೆ ತೋರಿಸಿ ಯಾರನ್ನೂ ಕರೆಯಬಾರದು. ಆದರೆ 30 ಪಂದ್ಯಗಳ ವೇಳಾಪಟ್ಟಿ ಹಾಕಿ ಸಮಯಕ್ಕೆ ಮುಗಿಸುವುದು, ನೆಟ್‌ವರ್ಕ್ ಜೋಡಿಸುವುದು, ಲೆಕ್ಕ ಒಪ್ಪಿಸುವುದು, ಸಿಟ್ಟಿಗೆದ್ದ ಇಬ್ಬರನ್ನು ಸಮಾಧಾನ ಮಾಡುವುದು, ಮೈಕ್ ಹಿಡಿದು ಕನ್ನಡದಲ್ಲಿ ವೀಕ್ಷಕ ವಿವರಣೆ ಕೊಡುವುದು ಯಾವ ಕೆಲಸಕ್ಕೆ ಹೋದರೂ ಕೈಹಿಡಿಯುತ್ತವೆ. ಸಂದರ್ಶನದಲ್ಲಿ ‘ತಂಡವಾಗಿ ಏನು ಮಾಡಿದ್ದೀರಿ?’ ಎಂದು ಕೇಳಿದಾಗ ನಮ್ಮ ಕಡೆಯವರು ತಲೆ ಕೆರೆದುಕೊಳ್ಳಬೇಕಾಗಿಲ್ಲ.

ಮುಂದಿನ ಸೆಮಿಸ್ಟರಿನ ಮೊದಲ ಭಾನುವಾರ ಯಲಬುರ್ಗಾದಲ್ಲಿ ಎರಡು ಟಿ.ವಿ., ಎರಡು ಕನ್ಸೋಲ್, ಒಂದು ಯುಪಿಎಸ್, ಒಂದು ಚಾರ್ಟ್ ಶೀಟ್ ಹೊಂದಿಸುವುದು ನಮ್ಮ ಜವಾಬ್ದಾರಿ. ಕುಷ್ಟಗಿ, ಗಂಗಾವತಿ, ಕೊಪ್ಪಳದ ಗೆಳೆಯರು ತಮ್ಮ ತಮ್ಮ ಊರಿನ ಭಾನುವಾರ ಯಾವುದೆಂದು ಗೊತ್ತುಮಾಡಿಕೊಳ್ಳಲಿ. ಕಂಟ್ರೋಲರ್ ಇದ್ದವರು ತರಲಿ. ಇಲ್ಲದವರು ಬರಿಗೈಲಿ ಬಂದರೂ ಎರಡು ಪಂದ್ಯ ಆಡಿಯೇ ಹೋಗುತ್ತಾರೆ.