ನಡುವಿಗೆ ಬಂದು ಮುಗಿಯುವ ಕೌದಿ

ನೈರೋಬಿಯ ಬಿಯಾಶರಾ ಬೀದಿಯಲ್ಲಿ ಬಟ್ಟೆ ಅಂಗಡಿಗಳ ನಡುನಡುವೆ ಹಸುಗೂಸಿನ ಸಾಮಾನಿನ ಅಂಗಡಿಗಳಿವೆ. ಹಿಂದೆ ಬಜಾರ್ ಸ್ಟ್ರೀಟ್ ಎಂದು ಕರೆಸಿಕೊಳ್ಳುತ್ತಿದ್ದ, ಭಾರತದಿಂದ ಬಂದ ವ್ಯಾಪಾರಿಗಳು ಬೆಳೆಸಿದ ಬೀದಿ ಇದು. ದಿನ ತುಂಬುತ್ತಿರುವ ಹೆಂಗಸರು ತಾಯಿಯನ್ನೋ ಅಕ್ಕನನ್ನೋ ಜೊತೆಗೆ ಕರೆದುಕೊಂಡು ಬಂದು ಉಣ್ಣೆ ಟೋಪಿ, ಕಾಲುಚೀಲ, ದಪ್ಪ ಹೊದಿಕೆ ಕೊಳ್ಳುತ್ತಾರೆ. ಆಫ್ರಿಕಾ ಎಂದರೆ ಬಿಸಿಲು ಎಂದುಕೊಂಡು ಊರಿಂದ ಬರುವವರಿಗೆ ಇದು ಆಶ್ಚರ್ಯ. ಆದರೆ ಈ ನಗರ ಇರುವುದು ಸಮುದ್ರಮಟ್ಟದಿಂದ ಸುಮಾರು 1,800 ಮೀಟರ್ ಎತ್ತರದಲ್ಲಿ. ಜೂನ್‌ನಿಂದ ಆಗಸ್ಟ್‌ವರೆಗೆ ಮೋಡ ಕವಿದೇ ಇರುತ್ತದೆ, ಜುಲೈ ರಾತ್ರಿಗಳಲ್ಲಿ ಉಷ್ಣಾಂಶ 12 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ, ಮನೆಗಳಲ್ಲಿ ನೆಲ ತಣ್ಣಗೆ ಕೊರೆಯುತ್ತದೆ.

ಹೀಗಾಗಿ ಬಾಣಂತನಕ್ಕೆಂದು ಧಾರವಾಡ, ಬೆಳಗಾವಿ ಕಡೆಯಿಂದ ಇಲ್ಲಿಗೆ ಬರುವ ಅಮ್ಮಂದಿರು ಅಂಟಿನುಂಡೆಯ ಡಬ್ಬಿಯ ಜೊತೆ ಒಂದು ಸಣ್ಣ ಕೌದಿಯನ್ನೂ ತರುವುದು ಸರಿಯಾಗಿಯೇ ಇದೆ. ತೊಟ್ಟಿಲಿಗೆ ಹಾಸುವಷ್ಟು, ಮಗುವನ್ನು ಸುತ್ತಿ ಎತ್ತಿಕೊಳ್ಳುವಷ್ಟು ಅಳತೆಯದು. ಅಜ್ಜಿಯ ಹತ್ತಿ ಸೀರೆ, ಅಜ್ಜನ ಧೋತರ, ಯಾರದೋ ಲಂಗದ ಅಂಚು ಎಲ್ಲ ಅದರೊಳಗೆ. ಅರ್ಧ ಹೊಲಿದದ್ದನ್ನು ತಂದು ಇಲ್ಲಿ ಮುಗಿಸುವವರೂ ಉಂಟು.

ಮುಗಿಸಲು ಒಳ್ಳೆಯ ಕಾಲ ಬೇಸಿಗೆಯ ಕೊನೆ. ಇಲ್ಲಿ ಅದು ಮಾರ್ಚ್. ಕರಾವಳಿಯಲ್ಲಿ ಈಶಾನ್ಯದಿಂದ ಬೀಸುವ ಕಸ್ಕಾಜಿ ಗಾಳಿ ಸೊರಗುತ್ತದೆ, ಮೊಂಬಾಸಾದಲ್ಲಿ ಸೆಕೆ ವರ್ಷದ ಮೇಲ್ತುದಿಗೆ ಏರುತ್ತದೆ, ದೀರ್ಘ ಮಳೆ ಇನ್ನೇನು ಬಂತು ಎನ್ನುವಂತಿರುತ್ತದೆ. 2017ರಲ್ಲಿ ಶುರುವಾದ ಹೊಸ ರೈಲು ನೈರೋಬಿಯಿಂದ ಮೊಂಬಾಸಾಕ್ಕೆ ಐದಾರು ಗಂಟೆಯಲ್ಲಿ ಇಳಿಸುತ್ತದೆ. ತ್ಸಾವೊ ಕಾಡಿನ ಕೆಂಪು ಮಣ್ಣು, ಆನೆಗಳು ಕಿಟಕಿಯಾಚೆ ಹೋಗುವಾಗ ಮಡಿಲಲ್ಲಿ ಸೂಜಿ-ದಾರ. ದೊಡ್ಡ ಕೌದಿಗೆ ನೆಲ ಬೇಕು, ಅದರ ಮೇಲೆಯೇ ಕೂತು ಹೊಲಿಯಬೇಕು. ಸಣ್ಣ ಕೌದಿಗೆ ಮಡಿಲೇ ಸಾಕು. ಸಮುದ್ರದ ದಂಡೆಯ ನೆರಳಲ್ಲಿ ಕೂತು ಒಂದೆರಡು ಸುತ್ತು ಮುಗಿಸಬಹುದು. ಹೊಲಿದದ್ದನ್ನು ಮಳೆ ಹಿಡಿಯುವ ಮೊದಲೇ ಒಗೆದು, ಕಡುಬಿಸಿಲಲ್ಲಿ ಒಣಗಿಸಿ ಇಡಬೇಕು. ಜುಲೈ ಚಳಿಯ ಕೂಸಿಗೆ ಮಾರ್ಚ್ ಸೆಕೆಯಲ್ಲೇ ಹೊದಿಕೆ ಸಿದ್ಧವಾಗಬೇಕು. ನಮ್ಮ ಉತ್ತರ ಕನ್ನಡದಲ್ಲಿ ಇದೇ ಲೆಕ್ಕ ಮೇ ತಿಂಗಳಿಗೆ ಬರುತ್ತದೆ. ಜೂನ್ ಹಿಡಿದ ಮೇಲೆ ದಪ್ಪ ಬಟ್ಟೆ ಒಣಗುವ ಮಾತೇ ಇಲ್ಲ.

ಉತ್ತರ ಕನ್ನಡದ ಹೆಸರು ಸುಮ್ಮನೆ ತೆಗೆಯಲಿಲ್ಲ. ಕೀನ್ಯಾದ ಕಡಲದಂಡೆಯಲ್ಲಿ ಕೂತು ಕೌದಿ ಮುಗಿಸುವ ಕನ್ನಡದ ಹೆಂಗಸಿಗೆ ನೆನಪಾಗಬೇಕಾದವರು ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲೆಯ ಸಿದ್ಧಿ ಹೆಂಗಸರು. ಅವರ ಹಿರಿಯರು ಬಂದದ್ದು ಆಫ್ರಿಕಾದಿಂದ, ಬಹುಪಾಲು ಅದರ ಪೂರ್ವ ಭಾಗದಿಂದ. ಅವರು ಹೊಲಿಯುವ ಕವಂದಿ ಎಂಬ ಕೌದಿ ನಮ್ಮ ನಾಡಿನ ಕೈಕೆಲಸಗಳಲ್ಲೇ ಅತಿ ಚೆಲುವಾದದ್ದು ಎಂಬುದು ನನ್ನ ಅಭಿಪ್ರಾಯ. ಕಸೂತಿಗೆ ಸಿಕ್ಕ ಮನ್ನಣೆಯ ಕಾಲುಭಾಗವೂ ಅದಕ್ಕೆ ನಮ್ಮಲ್ಲಿ ಸಿಕ್ಕಿಲ್ಲ.

ಕವಂದಿ ಹೊಲಿಯುವ ಕ್ರಮವೇ ಬೇರೆ. ಮೊದಲು ತಳಕ್ಕೆ ಒಂದು ಹಳೆಯ ಹತ್ತಿ ಸೀರೆ ಹಾಸುತ್ತಾರೆ. ಅದರ ಮೇಲೆ ತೆಳ್ಳಗಾದ ಬಟ್ಟೆಗಳ ಒಂದೆರಡು ಪದರ. ಮೇಲ್ಮೈಯನ್ನು ಮೊದಲೇ ಜೋಡಿಸಿಟ್ಟುಕೊಳ್ಳುವುದಿಲ್ಲ. ನಕ್ಷೆ ಬರೆಯುವುದಿಲ್ಲ, ಅಳತೆ ಪಟ್ಟಿ ಇಲ್ಲ. ಒಂದು ಮೂಲೆಯಿಂದ ಶುರು. ಒಂದು ತುಂಡು ಬಟ್ಟೆಯ ಅಂಚನ್ನು ಬೆರಳಲ್ಲಿ ಒಳಕ್ಕೆ ಮಡಚಿ, ಕೌದಿಯ ಅಂಚಿಗೆ ಸಮ ಕೂರಿಸಿ, ಎಲ್ಲ ಪದರಗಳನ್ನೂ ಹಿಡಿಯುವಂತೆ ಉದ್ದ ಟಾಕು ಹಾಕುತ್ತಾ ಹೋಗುತ್ತಾರೆ. ಆ ತುಂಡು ಮುಗಿದಲ್ಲಿ ಇನ್ನೊಂದರ ಅಂಚನ್ನು ಮೊದಲಿನದರ ಮೇಲೆಯೋ ಅಡಿಗೋ ಸೇರಿಸುತ್ತಾರೆ. ನಾಲ್ಕೂ ಬದಿ ಸುತ್ತಿ ಬಂದರೆ ಒಂದು ಸುತ್ತು. ಅದರ ಒಳಗಡೆ, ಬೆರಳಗಲ ಬಿಟ್ಟು, ಮತ್ತೊಂದು ಸುತ್ತು. ಹೀಗೆ ಹೊಲಿಗೆ ಅಂಚಿನಿಂದ ಒಳಗೆ, ಒಳಗಿನಿಂದ ಇನ್ನೂ ಒಳಗೆ ಸರಿಯುತ್ತ ಕೊನೆಗೆ ನಡುವಿಗೆ ಬಂದು ನಿಲ್ಲುತ್ತದೆ. ತೇಪೆ ಜೋಡಿಸುವುದು, ಪದರ ಬಿಗಿಯುವುದು, ಅಂಚು ಕಟ್ಟುವುದು ಮೂರೂ ಒಂದೇ ದಾರದಲ್ಲಿ ಒಟ್ಟಿಗೆ ಆಗುತ್ತವೆ.

ಇದರಲ್ಲಿರುವ ಜಾಣತನ ಕೈಯಲ್ಲಿ ಸೂಜಿ ಹಿಡಿದ ಮೇಲೆಯೇ ಅರಿವಾಗುತ್ತದೆ. ಸಾಮಾನ್ಯವಾಗಿ ಪದರದ ಬಟ್ಟೆ ಹೊಲಿಯುವಾಗ ಸುಕ್ಕು ಅಂಚಿಗೆ ಓಡುತ್ತದೆ, ಕೊನೆಗೆ ಅಂಚು ಸೊಟ್ಟ. ಇಲ್ಲಿ ಅಂಚು ಮೊದಲೇ ಗಟ್ಟಿಯಾಗಿರುತ್ತದೆ, ಸುಕ್ಕು ನಡುವಿಗೆ ಬರಬೇಕು. ನಡುವಿಗೆ ಬಂದ ಸುಕ್ಕನ್ನು ಸುತ್ತು ಸುತ್ತಿಗೂ ಸ್ವಲ್ಪ ಸ್ವಲ್ಪವೇ ಹಂಚಿಬಿಡುವುದರಲ್ಲಿ ಹೊಲಿಯುವವಳ ಕೈಗುಣವಿದೆ. ಕವಂದಿಯ ಮೈಮೇಲೆ ಕಾಣುವ ಆ ಸಣ್ಣ ಅಲೆಗಳು ಹುಟ್ಟುವುದೂ ಹೀಗೆಯೇ. ಬಣ್ಣದ ಆಯ್ಕೆಯೂ ಹೊಲಿಯುತ್ತ ಹೋದಂತೆ ಆಗುತ್ತದೆ. ಇಳಕಲ್ ಸೀರೆಯ ಕೆಂಪು ಪಕ್ಕಕ್ಕೆ ಶಾಲೆಯ ಸಮವಸ್ತ್ರದ ನೀಲಿ, ಅದರ ಪಕ್ಕ ಹಳದಿ ಚೀಟಿ ಬಟ್ಟೆ. ದೊಡ್ಡ ತುಂಡುಗಳ ಮೇಲೆ ಅಲ್ಲಲ್ಲಿ ಉಗುರಗಲದ ಚೂರುಗಳನ್ನು ಅಂಟಿಸಿದಂತೆ ಹೊಲಿಯುತ್ತಾರೆ, ಅವಕ್ಕೆ ಟಿಕೇಲಿ ಎನ್ನುತ್ತಾರೆ. ಮಕ್ಕಳ ಸಣ್ಣ ಕವಂದಿಗಳಲ್ಲಿ ಟಿಕೇಲಿಗಳು ಕಣ್ಣು ತುಂಬುವಷ್ಟು. ಕ್ರೈಸ್ತ ಸಿದ್ಧಿಯರ ಕೆಲವು ಕವಂದಿಗಳಲ್ಲಿ ಶಿಲುಬೆ, ಮುಸ್ಲಿಂ ಸಿದ್ಧಿಯರ ಕೆಲವದರಲ್ಲಿ ಅರ್ಧಚಂದ್ರ ಕಾಣುತ್ತದೆ. ಹಿಂದೂ ಸಿದ್ಧಿಯರೂ ಇದೇ ಸುತ್ತಿನಲ್ಲಿ ಹೊಲಿಯುತ್ತಾರೆ. ಕ್ರಮ ಮೂವರದೂ ಒಂದೇ.

ಸಿದ್ಧಿಯರು ಉತ್ತರ ಕನ್ನಡದ ಕಾಡಿಗೆ ಬಂದ ಬಗೆಯನ್ನು ಮೊಂಬಾಸಾದಲ್ಲಿ ನಿಂತು ನೆನೆದರೆ ಎದೆ ಭಾರವಾಗುತ್ತದೆ. ಹಳೆಯ ಬಂದರಿನ ಬಾಯಲ್ಲಿ ಪೋರ್ಚುಗೀಸರು 1593ರಲ್ಲಿ ಕಟ್ಟಲು ತೊಡಗಿದ ಫೋರ್ಟ್ ಜೀಸಸ್ ಇದೆ. 1698ರಲ್ಲಿ ಒಮಾನಿಗಳು ಕಸಿದುಕೊಳ್ಳುವವರೆಗೆ ಈ ಕೋಟೆ ಗೋವಾದಲ್ಲಿದ್ದ ವೈಸರಾಯ್‌ನ ಅಂಕೆಯಲ್ಲಿತ್ತು. ಅದೇ ಪೋರ್ಚುಗೀಸರ ಹಡಗುಗಳು ಈ ಸಮುದ್ರದ ಆಫ್ರಿಕಾ ದಂಡೆಯಿಂದ, ಮೊಜಾಂಬಿಕ್ ಕಡೆಯಿಂದ ಮುಖ್ಯವಾಗಿ, ಮನುಷ್ಯರನ್ನು ಗುಲಾಮರಾಗಿ ಗೋವಾಕ್ಕೆ ಸಾಗಿಸಿದವು. ಅಲ್ಲಿಂದ ತಪ್ಪಿಸಿಕೊಂಡವರು, ಬಿಡುಗಡೆಯಾದವರು ಘಟ್ಟ ಹತ್ತಿ ಯಲ್ಲಾಪುರ, ಹಳಿಯಾಳದ ಕಾಡು ಸೇರಿದರು. ಶತಮಾನಗಳಲ್ಲಿ ಅವರ ಮಾತು ಕೊಂಕಣಿ, ಕನ್ನಡವಾಯಿತು. ಪರಿಶಿಷ್ಟ ಪಂಗಡವೆಂದು ಉತ್ತರ ಕನ್ನಡದ ಸಿದ್ಧಿಯರನ್ನು ಗುರುತಿಸಲು ಸರ್ಕಾರಕ್ಕೆ 2003ರವರೆಗೆ ಬೇಕಾಯಿತು.

ಕವಂದಿಯನ್ನು ಹೊರಜಗತ್ತಿಗೆ ತೋರಿಸಿದವರಲ್ಲಿ ಮುಖ್ಯರು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್. ಆಫ್ರಿಕಾದ ಕಲೆಯನ್ನು ಬದುಕಿಡೀ ಓದಿದ ಅವರು ಈ ಶತಮಾನದ ಆರಂಭದಲ್ಲಿ ಸಿದ್ಧಿಯರ ಹಾಡಿಗಳಿಗೆ ಬಂದರು. ಹೊಲಿಯುವ ಹೆಂಗಸರ ಸಹಕಾರಿ ಗುಂಪು ಕಟ್ಟಲು ನೆರವಾದರು. 2011ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿರುವ ಶೋಂಬರ್ಗ್ ಕೇಂದ್ರದಲ್ಲಿ ಕವಂದಿಗಳ ಪ್ರದರ್ಶನ ನಡೆಯಿತು. ನೋಡಿದವರಿಗೆ ಅಲಬಾಮಾದ ಗೀಸ್ ಬೆಂಡ್ ಎಂಬ ಹಳ್ಳಿಯ ಕಪ್ಪು ಹೆಂಗಸರ ಕೌದಿಗಳು ನೆನಪಾದದ್ದು ಸಹಜ. ಅವೂ ಗುಲಾಮಗಿರಿಯಿಂದ ಬಂದವರ ಮನೆಯ ಕೆಲಸ, 2002ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂನಲ್ಲಿ ಕಲೆಯೆಂದು ತೂಗಿದವು. ಅಲ್ಲೂ ದಿಟ್ಟ ಬಣ್ಣ, ಅಲ್ಲೂ ಅಳತೆಗೆ ಜಗ್ಗದ ಗೆರೆ.

ಇಲ್ಲಿಂದಲೇ ಒಂದು ಮಾತು ಹುಟ್ಟಿ ಎಲ್ಲೆಡೆ ಹರಡಿದೆ: ಕವಂದಿ ಆಫ್ರಿಕಾದ ನೆನಪು, ಸಮುದ್ರ ದಾಟಿ ರಕ್ತದಲ್ಲಿ ಉಳಿದುಬಂದ ಕಲೆ. ಕೇಳಲು ಹಿತವಾದ ಮಾತು. ನಾನು ಒಪ್ಪುವುದಿಲ್ಲ.

ಗೀಸ್ ಬೆಂಡಿನವರು ಮೊದಲು ಮೇಲ್ಮೈಯ ತುಂಡುಗಳನ್ನು ಜೋಡಿಸಿ ಹಾಳೆ ಮಾಡಿಕೊಂಡು, ಆಮೇಲೆ ಪದರಗಳ ಜೊತೆ ಹೊಲಿಯುತ್ತಾರೆ. ಕವಂದಿಯಲ್ಲಿ ಆ ಎರಡು ಹಂತಗಳೇ ಇಲ್ಲ. ಇನ್ನು ಪೂರ್ವ ಆಫ್ರಿಕಾಕ್ಕೆ ಬಂದರೆ, ನೈರೋಬಿಯ ಪೇಟೆಯಲ್ಲಿ ಕಣ್ಣಿಗೆ ಬೀಳುವ ಹೊದಿಕೆ ಮಸಾಯಿಗಳ ಕೆಂಪು ಚೌಕುಳಿಯ ಶುಕಾ, ಕರಾವಳಿಯ ಕಾಂಗಾ, ಕಿಕೋಯಿ. ಮೂರೂ ಒಂಟಿ ಪದರದ ಬಟ್ಟೆಗಳು. ಆದರೆ ಹಳಿಯಾಳದ ಆಚೆ ಧಾರವಾಡದಲ್ಲಿ ಕೌದಿ ಇದೆ, ಗಡಿ ದಾಟಿದರೆ ಮರಾಠಿಗರ ಗೋಧಡಿ ಇದೆ, ದೂರದ ಬಂಗಾಳದಲ್ಲಿ ಕಾಂಥಾ ಇದೆ. ಹಳೆ ಸೀರೆಯ ಪದರ ಮಾಡಿ ಕೈಹೊಲಿಗೆ ಹಾಕುವುದು ಈ ನೆಲದ ರೂಢಿ. ಸಿದ್ಧಿ ಹೆಂಗಸರು ಅದನ್ನು ನೆರೆಯವರಲ್ಲಿ ಕಂಡರು, ತಮ್ಮ ಕೈಗೆ ಒಗ್ಗಿಸಿಕೊಂಡರು, ನೆರೆಯವರು ಮಾಡದ್ದನ್ನು ಮಾಡಿದರು. ಅದನ್ನು ರಕ್ತದ ನೆನಪು ಎಂದುಬಿಟ್ಟರೆ ಹೊಲಿದವಳ ಬುದ್ಧಿಗೆ ಸಲ್ಲಬೇಕಾದದ್ದು ಅವಳು ಕಾಣದ ಖಂಡಕ್ಕೆ ಹೋಗುತ್ತದೆ.

ಎರಡು ದಂಡೆಗಳ ನಡುವೆ ಬಟ್ಟೆಯ ನಂಟು ಇದ್ದೇ ಇದೆ, ಅದು ಬೇರೆ ಕಡೆ ಇದೆ. ಮನುಷ್ಯರನ್ನು ಹೊತ್ತು ಹೋದ ಹಡಗುಗಳ ಕಾಲದಲ್ಲೇ ಭಾರತದ ಹತ್ತಿ ಬಟ್ಟೆ ಇತ್ತ ಬರುತ್ತಿತ್ತು. ಕಸ್ಕಾಜಿ ಹಿಡಿದು ಬಂದ ಹಾಯಿಹಡಗುಗಳು ಮೊಂಬಾಸಾ, ಲಾಮು, ಜಂಜಿಬಾರ್‌ಗಳಲ್ಲಿ ಥಾನುಗಳನ್ನು ಇಳಿಸಿ, ಗಾಳಿ ದಕ್ಷಿಣದ ಕೂಸಿಗೆ ತಿರುಗಿದ ಮೇಲೆ ಮರಳುತ್ತಿದ್ದವು. ಹತ್ತೊಂಬತ್ತನೇ ಶತಮಾನದಲ್ಲಿ ಇಲ್ಲಿನ ಕರಾವಳಿಯ ಹೆಂಗಸರು ಅಚ್ಚಿನ ಕರವಸ್ತ್ರಗಳನ್ನು ಬಿಡಿಯಾಗಿ ಕತ್ತರಿಸದೆ ಮೂರು ಮೂರರ ಎರಡು ಸಾಲು ಕೊಂಡು, ಒಂದಕ್ಕೊಂದು ಹೊಲಿದು ಉಡುತ್ತಿದ್ದರೆಂದು ಕಾಂಗಾದ ಕಥೆ ಶುರುವಾಗುತ್ತದೆ. ಲೆಸೊ ಎಂಬ ಆ ಆರು ಚೌಕದ ಬಟ್ಟೆಯನ್ನು ನೋಡಿ ವ್ಯಾಪಾರಿಗಳು ಇಡಿಯಾಗಿ ಅಚ್ಚು ಹಾಕಿಸತೊಡಗಿದರು. ಮೊಂಬಾಸಾದಲ್ಲಿ 1887ರಲ್ಲಿ ಅಂಗಡಿ ತೆರೆದ ಕಾದರ್‌ದೀನ ಹಾಜಿ ಎಸ್ಸಾಕ್ ಅವರ ಮನೆತನ ಈ ವ್ಯಾಪಾರದಲ್ಲಿ ಹೆಸರಾಯಿತು. ಕಾಂಗಾಕ್ಕೆ ನಾಲ್ಕೂ ಸುತ್ತ ಅಗಲ ಅಂಚು, ಒಳಗೆ ನಡುಭಾಗ, ಕೆಳಗೆ ಒಂದು ಸಾಲು ಸ್ವಾಹಿಲಿ ಬರಹ. ಹುಟ್ಟಿದ ಕೂಸನ್ನು ಸುತ್ತುವುದೂ ಇದರಲ್ಲೇ.

ಆದ್ದರಿಂದ ನೈರೋಬಿಯಲ್ಲಿ ಸಣ್ಣ ಕೌದಿ ಹೊಲಿಯುವವರು ತಳಕ್ಕೆ ಸೀರೆಯ ಬದಲು ಹಳೆಯ ಕಾಂಗಾ ಹಾಸಬಹುದು. ನಾನು ಹಾಸಿದ್ದೇನೆ, ಚೆನ್ನಾಗಿ ಬರುತ್ತದೆ. ಹತ್ತಿಪ್ಪತ್ತು ಸಲ ಒಗೆದು ಮೆತ್ತಗಾದದ್ದೇ ಆಗಬೇಕು. ಹೊಸದರ ಗಂಜಿಗೆ ಸೂಜಿ ಮುರಿಯುತ್ತದೆ. ತೇಪೆಗಳಿಗೆ ಗಿಕೊಂಬಾ ಮಾರುಕಟ್ಟೆಗೆ ಹೋಗಬೇಕು. ಯುರೋಪು, ಅಮೆರಿಕದಲ್ಲಿ ತೊಟ್ಟು ಬಿಟ್ಟ ಬಟ್ಟೆ ಮೂಟೆಮೂಟೆಯಾಗಿ ಬಂದು ಬೀಳುವ ಜಾಗ ಅದು; ಈ ಹಳೆ ಬಟ್ಟೆಯನ್ನು ಮಿತುಂಬಾ ಎಂದರೆ ಇಡೀ ದೇಶಕ್ಕೆ ಗೊತ್ತು. ಜೀನ್ಸ್ ಮುಟ್ಟಬೇಡಿ. ಹಿಗ್ಗುವ ಟೀ ಶರ್ಟೂ ಬೇಡ, ಮಡಚಿದ ಅಂಚು ನಿಲ್ಲುವುದಿಲ್ಲ. ತೆಳ್ಳನೆ ಹತ್ತಿ ಅಂಗಿ, ಮಕ್ಕಳ ಫ್ರಾಕು, ದಿಂಬಿನ ಚೀಲ ಒಳ್ಳೆಯವು. ದಾರ ದಪ್ಪನೆಯ ಬಿಳಿ ಹತ್ತಿಯದಿರಲಿ. ಟಾಕು ಕಾಣಬೇಕು, ಅಡಗಬಾರದು.

ಮುಗಿಸುವಲ್ಲಿ ಮಾತ್ರ ಅವಸರ ಸಲ್ಲ. ಕೊನೆಯ ಸುತ್ತುಗಳಿಗೆ ಬಂದಾಗ ನಡುವೆ ಅಂಗೈಯಗಲ ಜಾಗ ಉಳಿದಿರುತ್ತದೆ. ಸಿದ್ಧಿ ಹೆಂಗಸರಲ್ಲಿ ಕೆಲವರು ಆ ಕಡೆಯ ತೇಪೆಯನ್ನು ಮುಚ್ಚುವ ಮುನ್ನ ಅದರಡಿಗೆ ನಾಲ್ಕು ಕಾಳು ಅಕ್ಕಿ ಇಡುತ್ತಾರೆ, ಕವಂದಿಯ ಹೊಟ್ಟೆ ಬರಿದಾಗಿರಬಾರದೆಂದು. ಅದು ಮುಚ್ಚಿದ ಮೇಲೂ ಕೆಲಸ ಮುಗಿಯಲಿಲ್ಲ. ನಾಲ್ಕು ಮೂಲೆಗೂ ಚಿಕ್ಕ ಚೌಕ ಬಟ್ಟೆಯನ್ನು ಮಡಚಿ ಮಡಚಿ ಮೂರು ಮೂಲೆ ಮಾಡಿ, ಅಂಚಿನಿಂದ ಹೊರಚಾಚುವಂತೆ ಹೊಲಿಯಬೇಕು. ಫುಲಾ ಎನ್ನುವ ಈ ಹೂಗಳಿಲ್ಲದೆ ಕವಂದಿ ಪೂರ್ತಿಯಾಯಿತೆಂದು ಅವರು ಒಪ್ಪುವುದಿಲ್ಲ. ಕೂಸಿನ ಹೊದಿಕೆಗಾದರೆ ಫುಲಾಗಳನ್ನು ಗಟ್ಟಿಯಾಗಿ, ಎರಡೆರಡು ಸಲ ಹೊಲಿಯಿರಿ. ಹಲ್ಲು ಬರುವ ಕಾಲಕ್ಕೆ ಮಗು ಮೊದಲು ಬಾಯಿಗೆ ಹಾಕುವುದು ಅವನ್ನೇ.