ಕೆಟ್ಟ ಹಡಗಿನ ದುಡಿಮೆ: ಪೋರ್ಟ್ ಸ್ಟ್ಯಾನ್ಲಿಯ ಸರಕುನೌಕೆಗಳು

ನೌಕಾಚರಿತ್ರೆಯ ಗ್ರಂಥಗಳಲ್ಲಿ ಹಡಗೊಂದರ ವೃತ್ತಾಂತವು ಸಾಮಾನ್ಯವಾಗಿ ಅದು ನೀರಿಗಿಳಿದ ದಿನದಿಂದ ಆರಂಭವಾಗಿ, ಬಿರುಗಾಳಿಗೋ ಬೆಂಕಿಗೋ ಬಂಡೆಗೋ ಸಿಕ್ಕಿ ಕೆಟ್ಟ ದಿನಕ್ಕೆ ಮುಗಿದುಹೋಗುತ್ತದೆ. ಈ ಕ್ರಮವು ಬರೆಯುವವನಿಗೆ ಅನುಕೂಲವಾದುದೇ ಸರಿ. ಆದರೆ ಸರಕುನೌಕೆಗಳ ಮಟ್ಟಿಗೆ ಇದು ಯುಕ್ತವೆಂದು ಹೇಳಲಾಗದು. ಸಮುದ್ರದಲ್ಲಿ ಜಖಂಗೊಂಡ ಹಡಗು ಮುಳುಗದೆ ದಡ ಸೇರಿದಲ್ಲಿ, ಅದರ ಮುಂದಿನ ಗತಿಯನ್ನು ನಿರ್ಣಯಿಸುವವರು ವಿಮೆಗಾರರು, ಸರಕಿನ ಒಡೆಯರು ಮತ್ತು ರೇವಿನ ವರ್ತಕರು. ಈ ನಿರ್ಣಯವು ನಡೆಯುತ್ತಿದ್ದ ಬಗೆಯನ್ನು ಅರಿಯಲು ದಕ್ಷಿಣ ಅಟ್ಲಾಂಟಿಕ್ ಸಾಗರದ ಫಾಕ್ಲೆಂಡ್ ದ್ವೀಪಗಳ ರೇವಾದ ಪೋರ್ಟ್ ಸ್ಟ್ಯಾನ್ಲಿಗಿಂತ ಉತ್ತಮವಾದ ಸ್ಥಳವಿಲ್ಲ.

1914ರಲ್ಲಿ ಪನಾಮಾ ಕಾಲುವೆಯು ತೆರೆಯುವವರೆಗೆ, ಯೂರೋಪಿನಿಂದ ಅಮೆರಿಕದ ಪಶ್ಚಿಮ ಕರಾವಳಿಗೆ ಸರಕು ಒಯ್ಯುವ ಹಾಯಿಹಡಗುಗಳು ಕೇಪ್ ಹಾರ್ನ್ ಭೂಶಿರವನ್ನು ಬಳಸಿ ಹೋಗುತ್ತಿದ್ದುವು. ಅಲ್ಲಿ ವರ್ಷದ ಬಹುಭಾಗ ಪಶ್ಚಿಮದಿಂದ ಪ್ರಬಲವಾದ ಗಾಳಿ ಬೀಸುತ್ತದೆ. ಅದಕ್ಕೆ ಎದುರಾಗಿ ವಾರಗಟ್ಟಲೆ ಹೆಣಗಿ, ಕೂವೆಮರ ಮುರಿದು, ಒಡಲಿಗೆ ನೀರು ನುಗ್ಗಿದ ಹಡಗು ಹಿಂದಿರುಗಿದರೆ ಅದೇ ಗಾಳಿ ಅದನ್ನು ಈಶಾನ್ಯದಲ್ಲಿರುವ ಸ್ಟ್ಯಾನ್ಲಿಯ ಕಡೆಗೆ ನೂಕುತ್ತಿತ್ತು. 'ಕೆಟ್ಟು ಪಟ್ಟಣ ಸೇರು' ಎಂಬ ನಮ್ಮ ಗಾದೆಯನ್ನು ಈ ಹಡಗುಗಳು ಅಕ್ಷರಶಃ ಪಾಲಿಸಿದುವೆನ್ನಬಹುದು.

ಆದರೆ ಆ ಪಟ್ಟಣದಲ್ಲಿ ದುರಸ್ತಿಯ ಸೌಕರ್ಯವು ಅಲ್ಪ. ದ್ವೀಪಗಳಲ್ಲಿ ಸ್ವಾಭಾವಿಕವಾಗಿ ಮರಗಳೇ ಬೆಳೆಯುವುದಿಲ್ಲ. ಒಂದು ಹಲಗೆ ಬೇಕಾದರೂ ಕಡಲಾಚೆಯಿಂದ ಬರಬೇಕು. ಕುಶಲ ಬಡಗಿಗಳು ಕೆಲವರೇ. ಪರಿಶೀಲಕರು ಹಡಗನ್ನು ನೋಡಿ ದುರಸ್ತಿಯ ವೆಚ್ಚವನ್ನು ಅಂದಾಜು ಮಾಡುವರು. ಅದು ಹಡಗಿನ ಬೆಲೆಯನ್ನು ಮೀರಿದರೆ, ನೀರಿನ ಮೇಲೆ ತೇಲುತ್ತಲೇ ಇರುವ ಹಡಗು ಲೆಕ್ಕದಲ್ಲಿ ಮುಳುಗಿದಂತೆಯೇ ಆಗುವುದು. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಮರದ ಯಾವ ಅಭಾವವು ದುರಸ್ತಿಯನ್ನು ದುಬಾರಿಯಾಗಿಸಿತೋ ಅದೇ ಅಭಾವವು ದಡದ ಮೇಲೆ ಉಗ್ರಾಣ ಕಟ್ಟುವುದನ್ನೂ ದುಬಾರಿಯಾಗಿಸಿತ್ತು. ಆದುದರಿಂದ ಪಯಣಕ್ಕೆ ಒದಗದ ಹಡಗಿನ ಒಡಲು ಸ್ಟ್ಯಾನ್ಲಿಯ ವರ್ತಕರಿಗೆ ಕಡಮೆ ಬೆಲೆಗೆ ಒದಗಿದ ಸಿದ್ಧ ಉಗ್ರಾಣವಾಯಿತು. ಇಂತಹ ಒಡಲನ್ನು ನಾವಿಕರು 'ಹಲ್ಕ್' ಎನ್ನುತ್ತಾರೆ.

ನಮ್ಮ ದೇಶದ ನದಿಯೊಂದರ ಹೆಸರನ್ನು ಹೊತ್ತ 'ಝೇಲಮ್' ಇದಕ್ಕೊಂದು ನಿದರ್ಶನ. ಬ್ರಿಟಿಷರು ಪಂಜಾಬನ್ನು ವಶಪಡಿಸಿಕೊಂಡ 1849ರಲ್ಲಿಯೇ ಲಿವರ್‌ಪೂಲಿನಲ್ಲಿ ನಿರ್ಮಿತವಾದ ಈ ಮರದ ಹಡಗು, ಹೆಸರು ಪಂಜಾಬಿನದಾದರೂ, ದುಡಿದದ್ದು ಹೆಚ್ಚಾಗಿ ದಕ್ಷಿಣ ಅಮೆರಿಕದ ವ್ಯಾಪಾರದಲ್ಲಿ. 1870ರಲ್ಲಿ ಪೆರುವಿನಿಂದ ಗ್ವಾನೊ, ಎಂದರೆ ಕಡಲಹಕ್ಕಿಗಳ ಹಿಕ್ಕೆಯ ಗೊಬ್ಬರವನ್ನು, ಹೇರಿಕೊಂಡು ಬರುತ್ತಿದ್ದಾಗ ಸೋರತೊಡಗಿ ಸ್ಟ್ಯಾನ್ಲಿಯನ್ನು ಸೇರಿತು. ಒಡೆಯರು ಕೈಬಿಟ್ಟ ಮೇಲೆ ದಡದ ಬಳಿ ನೆಲೆಗೊಂಡು ಉಗ್ರಾಣವಾಯಿತು.

ಇದಕ್ಕಿಂತ ಪ್ರಸಿದ್ಧವಾದುದು 'ಗ್ರೇಟ್ ಬ್ರಿಟನ್'. ಇಂಜಿನಿಯರ್ ಬ್ರುನೆಲ್ ರೂಪಿಸಿದ, 322 ಅಡಿ ಉದ್ದದ ಈ ಕಬ್ಬಿಣದ ಉಗಿಹಡಗು 1843ರ ಜುಲೈ 19ರಂದು ಬ್ರಿಸ್ಟಲ್‌ನಲ್ಲಿ ನೀರಿಗಿಳಿಯಿತು. 1845ರಲ್ಲಿ ನ್ಯೂಯಾರ್ಕಿಗೆ ಮೊದಲ ಪ್ರಯಾಣ; ಮರುವರ್ಷವೇ ಐರ್ಲೆಂಡಿನ ಡಂಡ್ರಮ್ ಕೊಲ್ಲಿಯ ಮರಳಿನಲ್ಲಿ ಸಿಕ್ಕಿ ಸುಮಾರು ಹನ್ನೊಂದು ತಿಂಗಳು ಬಿದ್ದಿತ್ತು. 1852ರಿಂದ ಆಸ್ಟ್ರೇಲಿಯಕ್ಕೆ ವಲಸಿಗರನ್ನು ಸಾಗಿಸಿತು. 1857ರ ಸಂಗ್ರಾಮವನ್ನು ಅಡಗಿಸಲು ಕಳುಹಿಸಿದ ಅಶ್ವದಳವನ್ನು ಮುಂಬಯಿಗೆ ತಂದುದೂ ಇದೇ ಹಡಗು. ಈ ಕೀರ್ತಿಯ ಕಥೆಯು ಅನೇಕ ಕಡೆ ದೊರೆಯುತ್ತದೆ. ನಮಗೆ ಬೇಕಾದುದು ಅದರ ಅನಂತರದ್ದು. 1882ರಲ್ಲಿ ಅದರ ಯಂತ್ರಗಳನ್ನು ಕಿತ್ತು, ಬರಿಯ ಹಾಯಿಯಿಂದ ಸಾಗುವ ಸರಕುನೌಕೆಯನ್ನಾಗಿ ಮಾರ್ಪಡಿಸಿದರು. 1886ರ ಫೆಬ್ರವರಿಯಲ್ಲಿ ವೇಲ್ಸ್‌ನ ಪೆನಾರ್ತ್‌ನಿಂದ ಕಲ್ಲಿದ್ದಲು ತುಂಬಿಕೊಂಡು ಪನಾಮಾಕ್ಕೆ ಹೊರಟಿತು. ದಾರಿಯಲ್ಲಿ ಬೆಂಕಿ ಕಾಣಿಸಿತು. ಕೇಪ್ ಹಾರ್ನ್ ಬಳಿಯ ಬಿರುಗಾಳಿಯಲ್ಲಿ ಕೂವೆಮರಗಳ ಮೇಲ್ಭಾಗಗಳು ಮುರಿದುಬಿದ್ದುವು. ಮೇ ತಿಂಗಳಿನಲ್ಲಿ ಹೇಗೋ ಸ್ಟ್ಯಾನ್ಲಿಯನ್ನು ತಲಪಿತು. ದುರಸ್ತಿಯು ಲಾಭಕರವಲ್ಲವೆಂದು ತೀರ್ಮಾನವಾಗಿ, ಹಡಗು ಫಾಕ್ಲೆಂಡ್ ಐಲೆಂಡ್ಸ್ ಕಂಪನಿಯ ವಶವಾಯಿತು.

ಅಲ್ಲಿಂದ 1937ರವರೆಗೆ ಅದು ಲಂಗರಿನಲ್ಲಿಯೇ ನಿಂತು ಕಲ್ಲಿದ್ದಲನ್ನೂ ಉಣ್ಣೆಯನ್ನೂ ಕಾಪಾಡಿತು. ದ್ವೀಪಗಳಲ್ಲಿ ಕುರಿಸಾಕಣೆಯು ಪ್ರಬಲವಾಗಿದ್ದ ಕಾಲವದು. ಚದರಿದ ಹಕ್ಕೆಗಳಿಂದ ಸಣ್ಣ ದೋಣಿಗಳಲ್ಲಿ ಬಂದ ಉಣ್ಣೆಯ ಮೂಟೆಗಳನ್ನು, ಇಂಗ್ಲೆಂಡಿನ ಹಡಗು ಬರುವವರೆಗೆ, ನೀರು ತಗುಲದಂತೆ ಇಡಲು ಜಾಗ ಬೇಕಾಗಿತ್ತು. ಲೆಕ್ಕ ಹಾಕಿ ನೋಡಿದರೆ, ಮೊದಲ ಪ್ರಯಾಣದಿಂದ ಕೊನೆಯ ಪ್ರಯಾಣದವರೆಗೆ 41 ವರ್ಷ. ಅದರಲ್ಲಿಯೂ ನಿರುದ್ಯೋಗದ ವರ್ಷಗಳನ್ನು ಕಳೆಯಬೇಕು. ಉಗ್ರಾಣವಾಗಿ ಸೇವೆ 51 ವರ್ಷ. ಚರಿತ್ರಕಾರರು ಈ ಅರ್ಧಶತಮಾನವನ್ನು ಒಂದು ವಾಕ್ಯದಲ್ಲಿ ಮುಗಿಸುವುದು ನನಗೆ ನ್ಯಾಯವೆಂದು ತೋರುವುದಿಲ್ಲ. ಉಣ್ಣೆಯನ್ನು ಸುಲಭವಾಗಿ ಸಾಗಿಸಲು ಒಡಲಿನ ಪಾರ್ಶ್ವದಲ್ಲಿ ಬಾಗಿಲೊಂದನ್ನು ಕೊರೆದಿದ್ದರು. ಬಿರುಗಾಳಿಗಳು ಮಾಡಲಾರದ ಕೆಲಸವನ್ನು ಈ ಬಾಗಿಲು ಮಾಡಿತು: ಅಲ್ಲಿ ದುರ್ಬಲವಾದ ಕಬ್ಬಿಣವು ಮುಂದೆ ದೊಡ್ಡದಾಗಿ ಬಿರಿಯಿತು.

1937ರಲ್ಲಿ ಅದನ್ನು ಸಮೀಪದ ಸ್ಪ್ಯಾರೊ ಕೋವ್‌ಗೆ ಎಳೆದೊಯ್ದು, ರಂಧ್ರ ಕೊರೆದು, ಆಳವಿಲ್ಲದ ನೀರಿನಲ್ಲಿ ಕೂರಿಸಿಬಿಟ್ಟರು. 1970ರಲ್ಲಿ ಅದನ್ನು ಎತ್ತಿ, ತೇಲುವೇದಿಕೆಯ ಮೇಲಿರಿಸಿ ಅಟ್ಲಾಂಟಿಕ್ ದಾಟಿಸಿದಾಗ, ಎತ್ತುವ ಮುನ್ನ ಆ ಬಿರುಕನ್ನು ಮುಚ್ಚಲು ಬಳಸಿದ ವಸ್ತುಗಳಲ್ಲಿ ಹಳೆಯ ಹಾಸಿಗೆಗಳೂ ಇದ್ದುವು. ಅದೇ ವರ್ಷದ ಜುಲೈ 19ರಂದು ಬ್ರಿಸ್ಟಲ್‌ನಲ್ಲಿ ತಾನು ಹುಟ್ಟಿದ ಕಟ್ಟೆಯನ್ನೇ ಮರಳಿ ಸೇರಿತು. 'ಝೇಲಮ್'ಗೆ ಈ ಭಾಗ್ಯ ದೊರೆಯಲಿಲ್ಲ. ಅದರ ಮರ ಬಹುಮಟ್ಟಿಗೆ ಕುಸಿದಿದೆ. 1913ರಲ್ಲಿ ಮರದ ದಿಮ್ಮಿಗಳನ್ನು ಹೊತ್ತು ಬಂದು ರೇವಿನ ಸಮೀಪದ ಬಂಡೆಗೆ ತಾಗಿ, ಅನಂತರ ಉಗ್ರಾಣವಾಗಿ ದುಡಿದ 'ಲೇಡಿ ಎಲಿಜಬೆತ್' ಮಾತ್ರ, 1936ರ ಗಾಳಿಯಲ್ಲಿ ಲಂಗರು ಕಡಿದು ತೇಲಿ ನಿಂತ ವೇಲ್‌ಬೋನ್ ಕೋವ್‌ನಲ್ಲಿಯೇ ತುಕ್ಕು ಹಿಡಿಯುತ್ತ ಇಂದಿಗೂ ನಿಂತಿದೆ.